ಏರಿನಲ್ಲಿ ಉಳಿದ ಮೂರು ನಿಮಿಷ

ಕಬ್ಬಿನ ಫ್ಯಾಕ್ಟರಿ ಸುರುವಾಗುವುದಕ್ಕೆ ಒಂದು ತಿಂಗಳು ಮುಂಚೆ ಚಿಮ್ಮಡದ ಸುತ್ತಲಿನ ಗ್ಯಾರೇಜುಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಬನಹಟ್ಟಿ, ಮಹಾಲಿಂಗಪುರ, ಮುಧೋಳ, ಜಮಖಂಡಿ, ಎಲ್ಲಿ ನೋಡಿದರೂ ಹಳೆಯ ಟ್ರ್ಯಾಕ್ಟರುಗಳು ನಡು ಬಿಚ್ಚಿಕೊಂಡು ನಿಂತಿರುತ್ತವೆ. ಮುಂದಿನ ಗಾಲಿ, ಇಂಜಿನ್ ಒಂದು ಕಡೆ. ಗೇರ್‌ಬಾಕ್ಸ್, ಹಿಂದಿನ ಗಾಲಿ ಇನ್ನೊಂದು ಕಡೆ. ಕೆಳಗೆ ಆಸರೆಗೆ ಕಟ್ಟಿಗೆಯ ದಿಮ್ಮಿ. ತಂದವರ ಬೇಡಿಕೆ ಹೆಚ್ಚುಕಡಿಮೆ ಒಂದೇ: "ಮಿಸ್ತ್ರೀ, ಎರಡು ಡಬ್ಬಿ ಜಗ್ಗವಲ್ದು. ಇಂಜಿನ್ ಏರಿಸಿ ಕೊಡ್ರಿ." ಡಬ್ಬಿ ಅಂದರೆ ಕಬ್ಬು ಹೇರುವ ಟ್ರೇಲರ್.

ಈ ಇಂಜಿನ್ ಏರಿಸುವ ಕೆಲಸದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳುತ್ತೇವೆ. ಮಾಡಿಸಿದವನ ಹೆಮ್ಮೆ ಒಂದು, ಅಪಘಾತವಾದ ಮೇಲೆ ಊರವರ ಬೈಗುಳ ಇನ್ನೊಂದು. ಕೆಲಸವನ್ನು ಕೆಲಸವೆಂದೇ ಹಿಡಿದು ತೂಗಿ ನೋಡಿದ್ದು ಕಡಿಮೆ. ಹಾಗೆ ನೋಡಬೇಕಾದಷ್ಟು ಕೈಚಳಕ, ಹಾಗೆ ನೋಡಲೇಬೇಕಾದಷ್ಟು ಅಪಾಯ ಎರಡೂ ಇದರಲ್ಲಿವೆ.

ಮಾಡಿಸುವವನ ಕಷ್ಟ ಸುಳ್ಳಲ್ಲ. ಅಪ್ಪನ ಕಾಲದಲ್ಲಿ ರಂಟೆ ಹೊಡೆಯಲು, ಹೆಂಟೆ ಒಡೆಯಲು ತಂದ ಮೆಸ್ಸಿ 1035 ಇರುತ್ತದೆ, ಇಲ್ಲವೇ ಮಹೀಂದ್ರಾ ಬಿ-275; ಎರಡೂ 35ರ ಆಸುಪಾಸಿನ ಎಚ್‌ಪಿ. ಘಟಪ್ರಭಾ, ಕೃಷ್ಣೆಯ ನೀರು ಹರಿದು ಊರೆಲ್ಲ ಕಬ್ಬಾಯಿತು. ಸಮೀರವಾಡಿ, ಮುಧೋಳ, ಸಿದ್ದಾಪುರ, ಹಿರೇಪಡಸಲಗಿ ಕಡೆ ಫ್ಯಾಕ್ಟರಿಗಳು ಎದ್ದವು. ಕಬ್ಬು ಹೊಡೆಯುವವನ ಬಾಡಿಗೆ ಟನ್ನಿನ ಲೆಕ್ಕ. ಒಂದೇ ಡಬ್ಬಿ ಕಟ್ಟಿದರೆ ಡೀಸೆಲ್, ಡ್ರೈವರ್ ಪಗಾರ ಕಳೆದು ಕೈಗೆ ಬರುವುದು ಅಷ್ಟಕ್ಕಷ್ಟೇ, ಎರಡು ಕಟ್ಟಿದರೆ ಏನಾದರೂ ಉಳಿಯುತ್ತದೆ. ಹೊಸ ಗಾಡಿಗೆ ಲಕ್ಷಗಟ್ಟಲೆ ಸಾಲ. ಇದ್ದ ಗಾಡಿಗೇ ಬಲ ತುಂಬಿಸೋಣ ಎಂದು ಅವನು ಯೋಚಿಸಿದರೆ ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಏರಿಸುವುದು ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಕೆಲಸಗಳು ಅಡಗಿವೆ. ಸವೆದ ಇಂಜಿನ್ನಿಗೆ ಅದರ ಮೂಲ ಬಲವನ್ನು ಮರಳಿ ಕೊಡುವುದು ಒಂದು. ಪಂಪಿನಲ್ಲಿ ಡೀಸೆಲ್ ಹೆಚ್ಚಿಗೆ ಬಿಡುವುದು, ಜೊತೆಗೆ ಟರ್ಬೊ ಕೂಡಿಸುವುದು ಇನ್ನೊಂದು. ಹಳೆಯ ಇಂಜಿನ್ ಇಳಿಸಿ ಬೇರೆ ದೊಡ್ಡ ಇಂಜಿನ್ನನ್ನೇ ಕೂಡಿಸುವುದು ಮೂರನೆಯದು. ಮೊದಲನೆಯದನ್ನು ಮೆಚ್ಚುತ್ತೇನೆ. ಎರಡನೆಯದನ್ನು ನಮ್ಮಲ್ಲಿ ಮಾಡುವ ರೀತಿಯಲ್ಲಿ ಒಪ್ಪಲಾರೆ. ಮೂರನೆಯದಕ್ಕೆ ಬೇಕಾದ ಕೌಶಲ ಕಂಡು ಬೆರಗಾಗಿದ್ದೇನೆ, ಆದರೂ ಬೇಡ ಎನ್ನುತ್ತೇನೆ.

ಪಂಪಿನ ಮಾತು ಮೊದಲು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಟರ್ಬೊ ಇಲ್ಲದ ಹಳೆಯ ಇಂಜಿನ್ ಎಷ್ಟು ಗಾಳಿ ಎಳೆದುಕೊಳ್ಳಬೇಕು ಎಂಬುದನ್ನು ಅದರ ಸಿಲಿಂಡರಿನ ಅಳತೆಯೇ ತೀರ್ಮಾನಿಸಿಬಿಟ್ಟಿದೆ. ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಎಷ್ಟೇ ಸುರಿದರೂ ಗಾಳಿ ಹೆಚ್ಚುವುದಿಲ್ಲ. ಸೈಲೆನ್ಸರಿನಿಂದ ಕರಿ ಹೊಗೆ ಉಗುಳಿದರೆ ನಮ್ಮ ಹುಡುಗರು "ಗಾಡಿ ಖಡಕ್ ಐತಿ" ಅನ್ನುತ್ತಾರೆ. ಅದು ಪೂರ್ತಿ ಉರಿಯದೆ ಹೊರಬಿದ್ದ ಡೀಸೆಲ್. ರೊಕ್ಕ ಕೊಟ್ಟು ತಂದ ಡೀಸೆಲ್. ಟರ್ಬೊ ಹಾಕಿದರೆ ಗಾಳಿಯೇನೋ ಹೆಚ್ಚುತ್ತದೆ, ಕಾವೂ ಜೊತೆಗೇ ಏರುತ್ತದೆ. ಟರ್ಬೊಗೆಂದೇ ಮಾಡಿದ ಇಂಜಿನ್ನುಗಳಲ್ಲಿ ಪಿಸ್ಟನ್ನಿನ ತಳಕ್ಕೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಅಪ್ಪನ ಕಾಲದ ಗಾಡಿಯಲ್ಲಿ ಅದಿಲ್ಲ. ಜನವರಿಯ ಹೊತ್ತಿಗೆ ಹೆಡ್ ಗ್ಯಾಸ್ಕೆಟ್ ಹೋಯಿತು, ಪಿಸ್ಟನ್ ಹಿಡಿಯಿತು ಎಂದು ಸೀಸನ್ನಿನ ನಡುವೆಯೇ ಗಾಡಿ ಮತ್ತೆ ದಿಮ್ಮಿಯ ಮೇಲೆ ಬರುತ್ತದೆ.

ಇನ್ನು ದೊಡ್ಡ ಇಂಜಿನ್. ಇಲ್ಲಿ ಹಿಮ ಬೀಳುವ ನಾಡುಗಳ ಒಂದು ರೂಢಿ ನೆನಪಾಗುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹುಲ್ಲು ಕತ್ತರಿಸಲು ತಂದ ಹಳೆಯ ಪುಟ್ಟ ತೋಟದ ಟ್ರ್ಯಾಕ್ಟರಿಗೆ ಚಳಿಗಾಲದಲ್ಲಿ ಹಿಮ ತೂರುವ ಯಂತ್ರ ಕಟ್ಟಿಕೊಳ್ಳುತ್ತಾರೆ. ನೀರು ಕುಡಿದ ಭಾರದ ಹಿಮ ಬಂದರೆ ಇಂಜಿನ್ ಉಸಿರು ಕಟ್ಟುತ್ತದೆ. ಆಗ ಕೋಹ್ಲರ್‌ನಂಥ ಒಂದೇ ಸಿಲಿಂಡರಿನ ಹಳೆ ಇಂಜಿನ್ ಇಳಿಸಿ ಎರಡು ಸಿಲಿಂಡರಿನದು ಕೂಡಿಸುತ್ತಾರೆ. ಆ ಗಾಡಿಯ ಮೈಕಟ್ಟು ಇದಕ್ಕೆ ಒಗ್ಗುತ್ತದೆ. ಇಂಜಿನ್ ಒಂದು ಚೌಕಟ್ಟಿನ ಮೇಲೆ ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ, ಬಲ ಬೆಲ್ಟಿನಿಂದಲೋ ಶಾಫ್ಟಿನಿಂದಲೋ ಹೋಗುತ್ತದೆ. ಹಿಮದಲ್ಲಿ ಕಲ್ಲು ಸಿಕ್ಕಿಕೊಂಡರೆ ತಾನು ಮುರಿದು ಮಿಕ್ಕದ್ದನ್ನು ಉಳಿಸಲೆಂದೇ ಒಂದು ಸಣ್ಣ ಪಿನ್ ಇಟ್ಟಿರುತ್ತಾರೆ.

ನಮ್ಮ ಹೊಲದ ಟ್ರ್ಯಾಕ್ಟರಿಗೆ ಅಂಥ ಚೌಕಟ್ಟೇ ಇಲ್ಲ. ಇಂಜಿನ್ನಿನ ಬ್ಲಾಕೇ ಅದರ ಬೆನ್ನೆಲುಬು. ಮುಂದಿನ ಆಕ್ಸಲ್ ಅದಕ್ಕೇ ಬಿಗಿದಿದೆ, ಹಿಂದೆ ಕ್ಲಚ್ ಹೌಸಿಂಗ್ ಅದಕ್ಕೇ ಕೂಡಿದೆ. ಬೇರೆ ಕಂಪನಿಯ ಇಂಜಿನ್ ಕೂಡಿಸಬೇಕೆಂದರೆ ನಡುವೆ ದಪ್ಪ ಪ್ಲೇಟು ಕೊರೆಸಬೇಕು, ಕ್ಲಚ್ಚಿನ ಶಾಫ್ಟು ಕೂದಲೆಳೆಯಷ್ಟೂ ಓರೆಯಾಗಬಾರದು. ಹಾಗೆ ಕೂಡಿಸಿಕೊಟ್ಟ ಮಿಸ್ತ್ರಿಗಳನ್ನು ಬಲ್ಲೆ. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಬಂದ ಸೀಮೆ ಇದು. ಲೋಹದ ಕೆಲಸ ಇಲ್ಲಿಯವರ ಕೈಗೆ ಹೊಸದಲ್ಲ. ಆದರೆ 35 ಎಚ್‌ಪಿಗೆ ಎಂದು ಮಾಡಿದ ಕ್ರೌನ್-ಪಿನಿಯನ್, ಆಕ್ಸಲ್, ಕ್ಲಚ್ ಪ್ಲೇಟು ಮೊದಲಿನಂತೆಯೇ ಉಳಿದಿವೆ. ಮುರಿದು ಕಾಪಾಡುವ ಪಿನ್ನೂ ಇಲ್ಲ. ಮೇಲಾಗಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ವಿವರಕ್ಕೆ ತಾಳೆಯಾಗದಂತೆ ವಾಹನವನ್ನು ಬದಲಿಸಕೂಡದು ಎನ್ನುತ್ತದೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರು ಒಂದು, ಗಾಡಿಯಲ್ಲಿರುವುದು ಇನ್ನೊಂದು ಎಂದಾದರೆ ವಿಮೆ ಕೇಳುವ ಹೊತ್ತಿಗೆ ಮಾಲೀಕ ಒಬ್ಬಂಟಿ.

ಇಷ್ಟೆಲ್ಲ ಮಾಡಿ ಗಳಿಸಿದ್ದೇನು? ಒಂದು ಲೆಕ್ಕ ಹಾಕಿ ನೋಡಿದೆ. ಗಾಡಿ, ಎರಡು ಡಬ್ಬಿ, ಕಬ್ಬು ಎಲ್ಲ ಸೇರಿ 25 ಟನ್ ಎಂದಿಟ್ಟುಕೊಳ್ಳಿ. 100 ಅಡಿಗೆ 3 ಅಡಿ ಏರುವ ಡಾಂಬರು ರಸ್ತೆ. ಗಾಲಿಯ ತಡೆಯೂ ಸೇರಿ ಸುಮಾರು 1,250 ಕಿಲೋ ಜಗ್ಗುವ ಬಲ ಬೇಕು. 45 ಎಚ್‌ಪಿಯ ಗಾಡಿಯಲ್ಲಿ ಗೇರಿನಲ್ಲಿ ಕಳೆದು 40 ಗಾಲಿಗೆ ಬಂದರೆ ಆ ಏರನ್ನು ಗಂಟೆಗೆ 9 ಕಿಲೋಮೀಟರಿನಂತೆ ಹತ್ತುತ್ತದೆ. ಅದನ್ನೇ 60 ಎಚ್‌ಪಿಗೆ ಏರಿಸಿದರೆ 12ರಂತೆ. ಎರಡು ಕಿಲೋಮೀಟರಿನ ಏರು ಹತ್ತಲು ಮೊದಲು ಹದಿಮೂರು ನಿಮಿಷ, ಈಗ ಹತ್ತು. ಉಳಿದದ್ದು ಮೂರು ನಿಮಿಷ. ಆಮೇಲೆ ಅದೇ ಗಾಡಿ ಫ್ಯಾಕ್ಟರಿಯ ಯಾರ್ಡಿನಲ್ಲಿ ತನ್ನ ಪಾಳಿಗಾಗಿ ತಾಸುಗಟ್ಟಲೆ ನಿಲ್ಲುತ್ತದೆ. ಡ್ರೈವರ್ ಡಬ್ಬಿಯ ಕೆಳಗೆ ಚಾದರ ಹಾಸಿ ಮಲಗುತ್ತಾನೆ. ಟ್ರಿಪ್ಪು ಕಡಿಮೆಯಾಗುವುದು ಆ ಪಾಳಿಯಲ್ಲಿ. ಅದಕ್ಕೆ ಯಾವ ಟರ್ಬೊನೂ ಮದ್ದಲ್ಲ.

ಮೊದಲನೆಯ ಕೆಲಸವನ್ನು ಮೆಚ್ಚುತ್ತೇನೆ ಎಂದೆನಲ್ಲ, ಅದಕ್ಕೆ ಕಾರಣ ನಮ್ಮ ಮನೆಯ ಗಾಡಿ. ಟರ್ಬೊ ಹಾಕಿಸಬೇಕೆಂದು ನಾನೂ ನನ್ನ ತಮ್ಮನೂ ಹೋಗಿದ್ದೆವು. ಅರವತ್ತು ದಾಟಿದ ಮಿಸ್ತ್ರಿ ಕಾಕಾ ಹೆಡ್ ಬಿಚ್ಚಿ, ನನ್ನ ಬೆರಳು ಹಿಡಿದು ಲೈನರಿನ ಒಳಗೋಡೆಗೆ ಒತ್ತಿದ. "ಉಗುರ್ಲೆ ಮ್ಯಾಲ ಎಳಿ" ಅಂದ. ಎಳೆದೆ. ಮೇಲಂಚಿಗೆ ಬರುತ್ತಿದ್ದಂತೆ ಉಗುರು ಟಕ್ಕನೆ ಸಿಕ್ಕಿಕೊಂಡಿತು. ರಿಂಗು ಓಡಾಡಿದ ಕಡೆಯೆಲ್ಲ ಸವೆದು, ಅದು ಮುಟ್ಟದ ಮೇಲಂಚು ಮಾತ್ರ ತುಟಿಯಂತೆ ಉಳಿದಿತ್ತು. "ಇಲ್ಲಿ ಹೋಗೇತಿ ನೋಡು ನಿಮ್ಮ ಎಚ್‌ಪಿ" ಅಂದ. ಆಮೇಲೆ ನೋಜಲ್‌ಗಳನ್ನು ಒಂದೊಂದಾಗಿ ಟೆಸ್ಟರಿಗೆ ಹಚ್ಚಿ ಕೈಪಂಪು ಒತ್ತಿದ. ಮೂರು ನೋಜಲ್ ಮಂಜಿನಂತೆ ಉಗುಳಿದವು. ನಾಲ್ಕನೆಯದರ ತುದಿಯಲ್ಲಿ ಒಂದು ಹನಿ ಕಟ್ಟಿ, ತೂಗಾಡಿ, ತೊಟ್ಟಿಕ್ಕಿತು. ಕಾಕಾ ಮಾತಾಡಲಿಲ್ಲ, ಆ ಹನಿಯನ್ನು ಬೆರಳಿನಿಂದ ಒರೆಸಿ ನಮ್ಮ ಮುಂದೆ ಹಿಡಿದ. ಹೊಸ ಲೈನರ್-ಪಿಸ್ಟನ್, ರಿಂಗು, ವಾಲ್ವ್ ಗ್ರೈಂಡಿಂಗ್, ನೋಜಲ್, ಪಂಪಿನ ಕ್ಯಾಲಿಬ್ರೇಶನ್ ಇಷ್ಟೇ ಮಾಡಿಸಿದೆವು. ಗಾಡಿ ಹೊಸದಿದ್ದಾಗ ಹೇಗೆ ಜಗ್ಗುತ್ತಿತ್ತೋ ಹಾಗೆ ಜಗ್ಗಿತು. ಬಲ ಕಡಿಮೆ ಎಂದು ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಸವೆದ ಗಾಡಿಗಳು ಎಂದು ಕಾಕಾ ಹೇಳಿದ್ದು ನನಗೆ ಅಂದಿನಿಂದ ಅನುಮಾನವಿಲ್ಲದ ಮಾತು.

ಆ ದಿನ ಅವನು ಇನ್ನೊಂದು ಮಾತೂ ಹೇಳಿದ. ನಮ್ಮ ಕಡೆ ಜಾತ್ರೆಯ ತೆರಬಂಡಿ ಸ್ಪರ್ಧೆಯಲ್ಲಿ ಜಗ್ಗುವ ಎತ್ತಿಗೆ ಜನ ಸಿಳ್ಳೆ ಹೊಡೆಯುತ್ತಾರೆ. ಆದರೆ ಗಾಡಿಗೆ ಕಟ್ಟಲು ಎತ್ತು ಕೊಳ್ಳುವಾಗ ಹಿರಿಯರು ಇಳುಕಲಿನಲ್ಲಿ ಹೊಡೆದು ನೋಡುತ್ತಿದ್ದರಂತೆ, ಹೇರು ಹಿಂದಿನಿಂದ ನೂಕಿದರೆ ಕಾಲೂರಿ ತಡೆಯುತ್ತದೋ ಇಲ್ಲವೋ ಎಂದು. ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರಿಗೆ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಎಷ್ಟೋ ಡಬ್ಬಿಗಳಿಗೆ ಬ್ರೇಕೇ ಇಲ್ಲ. ವೇಗ 20ರಿಂದ 30ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇಳುಕಲಿನಲ್ಲಿ ಡಬ್ಬಿ ಒಮ್ಮೆ ನೂಕತೊಡಗಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. ಇಂಜಿನ್ ಏರಿಸುವ ಕೆಲಸದ ಮೇಲೆ ನನ್ನ ದೊಡ್ಡ ತಕರಾರು ಇದೇ. ಜಗ್ಗುವುದಕ್ಕೆ ಸುರಿದ ರೊಕ್ಕದಲ್ಲಿ ನಿಲ್ಲಿಸುವುದಕ್ಕೆ ಒಂದು ಪೈಸೆಯ ಪಾಲೂ ಇಲ್ಲ. ನಮ್ಮ ಮಿಸ್ತ್ರಿಗಳಿಗೆ ಇಂಜಿನ್ನನ್ನೇ ಬದಲಿಸುವ ಕೈ ಇದೆ. ಡಬ್ಬಿಗೆ ಬ್ರೇಕು ಕೂಡಿಸುವುದು ಆ ಕೈಗೆ ದೊಡ್ಡದಲ್ಲ. ಕೇಳುವವರು ಬೇಕು.

ನಮ್ಮ ಗಾಡಿ ತಯಾರಾದ ದಿನ ರೊಕ್ಕ ಎಣಿಸುವ ಮೊದಲು ಕಾಕಾ ಸೀಟಿನ ಬಳಿ ಬಗ್ಗಿದ. ಟ್ರ್ಯಾಕ್ಟರಿಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು, ಹೀಗೆ ಎರಡು ಬ್ರೇಕ್ ಪೆಡಲು. ಹೊಲದಲ್ಲಿ ತಿರುವಲು ಬೇರೆಬೇರೆ ಒತ್ತುತ್ತಾರೆ, ರಸ್ತೆಗಿಳಿದಾಗ ಎರಡನ್ನೂ ಒಂದು ಕಬ್ಬಿಣದ ಚಿಲಕದಿಂದ ಕೂಡಿಸಬೇಕು. ಇಲ್ಲವಾದರೆ ಅವಸರದಲ್ಲಿ ಒಂದೇ ಗಾಲಿ ಹಿಡಿದು ಗಾಡಿ ತಿರುಗುತ್ತದೆ. ನಮ್ಮದರಲ್ಲಿ ಆ ಚಿಲಕ ಯಾವಾಗಲೋ ಬಿದ್ದು ಹೋಗಿತ್ತು, ನಾವು ಲಕ್ಷ್ಯ ಕೊಟ್ಟಿರಲಿಲ್ಲ. ಅವನು ಮೂಲೆಯ ಗುಜರಿಯಲ್ಲಿ ಒಂದು ಪಟ್ಟಿ ಹುಡುಕಿ, ಕಾಯಿಸಿ ಬಗ್ಗಿಸಿ, ಎರಡು ಪೆಡಲಿಗೂ ಹೊಂದಿಸಿದ. ನನ್ನನ್ನು ಸೀಟಿಗೆ ಕೂಡಿಸಿ ಮೂರು ಸಲ ಒತ್ತಿಸಿ ನೋಡಿದ. ಬಿಲ್ಲಿನಲ್ಲಿ ಅದಕ್ಕೆ ಏನೂ ಹಚ್ಚಲಿಲ್ಲ.