ಎರಡೂ ದಡದ ಕೇಳುಗರು

ಹಿಂದುಸ್ತಾನಿಗೂ ಕರ್ನಾಟಕಿಗೂ ತುಂಗಭದ್ರೆಯೇ ಗಡಿ ಎಂದು ಸಂಗೀತದ ಜನ ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಹಾಗಾದರೆ ಹೊನ್ನಾಳಿಯವರು ಗಡಿಯ ಮೇಲೇ ಮನೆ ಕಟ್ಟಿಕೊಂಡವರು. ಹೊಳೆ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ನ್ಯಾಮತಿ, ಚನ್ನಗಿರಿಯವರಿಗೆ ಶಿವಮೊಗ್ಗದ ಒಡನಾಟ ಹಳೆಯದು. ಜಗಳೂರಿನವರಿಗೆ ಚಿತ್ರದುರ್ಗದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ಕಡೆಯವು ಈ ಕಡೆಯವು ಒಂದೇ ಜಿಲ್ಲೆಗೆ ಬಂದವು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದದ್ದು ತೀರ ಈಚೆಗೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದ ರಾಮನವಮಿ ಸಂಗೀತೋತ್ಸವದಂಥದ್ದು ಈ ನಾಲ್ಕು ಊರಿನಲ್ಲಿಲ್ಲ. ಹೀಗಾಗಿ ಇಲ್ಲಿ ಶಾಸ್ತ್ರೀಯ ಸಂಗೀತ ಕೇಳುವವರು ಒಬ್ಬರಿಗೊಬ್ಬರು ಸಿಕ್ಕಿದ್ದು ಹೆಚ್ಚಾಗಿ ಮೊಬೈಲಿನಲ್ಲೇ. ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ಅವರ ಹರಟೆಯನ್ನೂ, ಆ ಹರಟೆಯಿಂದಲೇ ಹುಟ್ಟುವ ಭೇಟಿಗಳನ್ನೂ ಒಂದು ಕಛೇರಿಯನ್ನು ವಿಮರ್ಶಿಸುವಷ್ಟೇ ಗಂಭೀರವಾಗಿ ತೂಗಿ ನೋಡಬೇಕು ಎಂದು ನನಗನ್ನಿಸುತ್ತದೆ. ಕೇಳಿದವರು ಮನೆಗೆ ಹೋಗಿ ಏನು ಮಾತಾಡಿಕೊಳ್ಳುತ್ತಾರೆ ಎನ್ನುವುದರ ಮೇಲೂ ಒಂದು ಊರಿನ ಸಂಗೀತ ನಿಂತಿರುತ್ತದೆ.

ಮೊದಲು ಹೊಗಳಬೇಕಾದ್ದು ಹೊಗಳುತ್ತೇನೆ. ಈ ಹರಟೆ ಕೇಳುಗನ ನಾಚಿಕೆ ಕಳೆದಿದೆ. ಸಭೆಯಲ್ಲಿ ಪಕ್ಕದವರನ್ನು “ಇದು ಯಾವ ರಾಗ?” ಎಂದು ಕೇಳಲು ಹಿಂಜರಿದು, ಅರ್ಧ ಆಯುಷ್ಯ ಸುಮ್ಮನೆ ತಲೆದೂಗಿಕೊಂಡೇ ಕಳೆದವರು ನಮ್ಮಲ್ಲಿ ಎಷ್ಟೋ ಜನ. ಈಗ ಅಡಿಕೆ ಮಂಡಿಯಲ್ಲಿ ಕೂತವರು, ಮೆಡಿಕಲ್ ಶಾಪಿನವರು, ಬಸ್ಸಿನ ಕಂಡಕ್ಟರು, ನಿವೃತ್ತ ಮೇಷ್ಟ್ರು ಎಲ್ಲರೂ ಒಂದೇ ಸಾಲಿನಲ್ಲಿ ಕೇಳುತ್ತಾರೆ, ಹೇಳುತ್ತಾರೆ.

“ಮೇಷ್ಟ್ರೇ, ಬೆಳಿಗ್ಗೆ ಹಾಕಿದ್ರಲ್ಲ, ಅದ್ಯಾವ ರಾಗ?”

“ಮಾಲಕೌಂಸ್ ಕಣಪ್ಪ.”

“ಶಿವಮೊಗ್ಗದ ನಮ್ಮತ್ತೆ ಅದಕ್ಕೆ ಹಿಂದೋಳ ಅಂತಾರಲ್ಲ?”

“ನಿಮ್ಮತ್ತೆ ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಎರಡನ್ನೂ ಒಟ್ಟಿಗೆ ಹಾಕ್ತೀನಿ, ರಾತ್ರಿ ಉಂಡಾದ ಮೇಲೆ ಕೇಳು.”

ಮೇಲ್ನೋಟಕ್ಕೆ ಇದು ಬರೀ ಹೊತ್ತು ಕಳೆಯುವ ಮಾತು. ಆದರೆ ಹೊಳೆಯ ಎರಡೂ ದಡದವರು ಕೂಡಿದಾಗ ಮಾತ್ರ ಇಂಥ ಮಾತು ಹುಟ್ಟುತ್ತದೆ. ಅತ್ತೆಯ ಮನೆಯಲ್ಲಿ ಕೃತಿ ಕೇಳಿ ಬೆಳೆದವನಿಗೆ ಮೇಷ್ಟ್ರು ಖಯಾಲು ಕೇಳಿಸುತ್ತಾರೆ. ಅವೇ ಐದು ಸ್ವರ ಒಂದು ಕಡೆ ಗಮಕದಲ್ಲಿ ತೂಗುತ್ತವೆ, ಇನ್ನೊಂದು ಕಡೆ ಮೀಂಡಿನಲ್ಲಿ ನಿಧಾನವಾಗಿ ಜಾರುತ್ತವೆ. ತೋಡಿಯ ವಿಷಯ ಬಂದರೆ ಮಾತು ಇನ್ನೂ ಉದ್ದವಾಗುತ್ತದೆ. ಕರ್ನಾಟಕಿ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿ ಥಾಟಿನವು. ಹಿಂದುಸ್ತಾನಿ ತೋಡಿಯ ಸ್ವರಗಳಿಗೆ ಕರ್ನಾಟಕಿಯಲ್ಲಿ ಶುಭಪಂತುವರಾಳಿಯ ಕಡೆ ಹೋಗಬೇಕು. ಪುಸ್ತಕದಲ್ಲಿ ಓದಿದರೆ ಮಾರನೇ ದಿನಕ್ಕೆ ಮರೆತುಹೋಗುವ ಈ ಸಂಗತಿ, ನಾಲ್ಕು ಜನ ಜಗ್ಗಾಡಿದ ಮೇಲೆ ಕಿವಿಯಲ್ಲಿ ಉಳಿಯುತ್ತದೆ. ನಮ್ಮ ತಾಲ್ಲೂಕುಗಳ ಹರಟೆಗೆ ತನ್ನದೇ ಆದ ಬೆಲೆ ಇದ್ದರೆ ಅದು ಈ ಜಗ್ಗಾಟದಲ್ಲಿ. ಬೆಂಗಳೂರಿನವರ ಗುಂಪಿನಲ್ಲಾಗಲಿ ಧಾರವಾಡದವರ ಗುಂಪಿನಲ್ಲಾಗಲಿ ಇದು ಇಷ್ಟು ಸಹಜವಾಗಿ ಬರುವುದಿಲ್ಲ.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಹೋಗಿ ಬರುತ್ತಿದ್ದವರು. ದಕ್ಷಿಣದ ಸಂಗೀತವನ್ನು ಮನಸ್ಸಿಟ್ಟು ಕೇಳಿದರು. ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ತಮ್ಮದೇ ರೀತಿಯಲ್ಲಿ ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. ರಾಮಸ್ವಾಮಿ ದೀಕ್ಷಿತರಿಂದ ಬಂದ ಹಂಸಧ್ವನಿ ಹೊಳೆ ದಾಟಿ ಉತ್ತರಕ್ಕೆ ಹೋಗಿ ಖಯಾಲಿನ ರಾಗವಾಯಿತು. ಬೇಹಾಗ್ ಆ ಕಡೆಯಿಂದ ಈ ಕಡೆಗೆ ಬಂತು. ಗದಗಿನ ಪಂಚಾಕ್ಷರ ಗವಾಯಿಗಳು (1892–1944) ಎರಡೂ ಪದ್ಧತಿ ಕಲಿತು, ಎರಡನ್ನೂ ಕಲಿಸಿದರು. ಕಣ್ಣಿಲ್ಲದ ಮಕ್ಕಳನ್ನು ವೀರೇಶ್ವರ ಪುಣ್ಯಾಶ್ರಮದಲ್ಲಿ ಇಟ್ಟುಕೊಂಡು ಹಾಡು ಕಲಿಸಿದ ಅವರ ಬದುಕನ್ನು 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಎಂಬ ಸಿನಿಮಾ ಮಾಡಿದ್ದು ನಮ್ಮ ದಾವಣಗೆರೆಯ ನಾಟಕ ಕಂಪನಿಯ ಮನೆತನದ ಚಿಂದೋಡಿ ಬಂಗಾರೇಶ್. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಜಗಳೂರಿನವರಿಗೆ ಇನ್ನೊಂದು ಹೆಮ್ಮೆಯಿದೆ: ತ.ರಾ.ಸು. ಅವರ ಕಾದಂಬರಿ ‘ಹಂಸಗೀತೆ’. ದುರ್ಗದ ಸಂಗೀತಗಾರನ ಆ ಕತೆಯನ್ನು ಹಿಡಿದು ಹಿಂದಿಯಲ್ಲಿ 1956ರಲ್ಲಿ ‘ಬಸಂತ್ ಬಹಾರ್’ ಬಂತು. ಅದರಲ್ಲಿ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಎದುರುಬದುರು ಹಾಡಿದರು. ಅದೇ ಕತೆಯನ್ನು 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆರೆಗೆ ತಂದಾಗ ಹಾಡಿದ್ದು ಬಾಲಮುರಳಿಕೃಷ್ಣ. ಹಿಂದಿಯಲ್ಲಿ ಹಿಂದುಸ್ತಾನಿ, ಕನ್ನಡದಲ್ಲಿ ಕರ್ನಾಟಕಿ. ದುರ್ಗದ ಒಂದೇ ಕತೆ ಎರಡೂ ಸಂಗೀತದಲ್ಲಿ ಅರಳಿತು. ಇದನ್ನು ಹೇಳಿಕೊಳ್ಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಷ್ಟು ಆಸ್ತಿ ಇಟ್ಟುಕೊಂಡೂ ಹರಟೆ ಬಡವಾಗುವುದು ಅದು ಪಂಗಡ ಕಟ್ಟಿದಾಗ. ಭೀಮಸೇನ ಜೋಶಿ ದೊಡ್ಡವರೋ ಮಲ್ಲಿಕಾರ್ಜುನ ಮನಸೂರರು ದೊಡ್ಡವರೋ ಎಂಬ ಜಗಳಕ್ಕೆ ಕೊನೆಯಿಲ್ಲ. ಒಬ್ಬರ ಜಯಂತಿ ಬಂದರೆ ಇನ್ನೊಬ್ಬರ ಕಡೆಯವರು ಮೌನ. ಒಂದೊಂದೇ ಸ್ವರವನ್ನು ಬಿಡಿಸುತ್ತ ಏರುವ, ಭೀಮಸೇನರ ಕಿರಾಣಾದ ಬಡತ್ ಒಂದು. ಸ್ವರಗಳನ್ನು ಹೆಣೆದುಕೊಂಡೇ ಹೊರಡುವ, ಅಪರೂಪದ ರಾಗಗಳನ್ನು ಎದುರಿಗೇ ಬಿಚ್ಚಿಡುವ, ಮನಸೂರರ ಜೈಪುರ-ಅತ್ರೌಲಿಯ ನಡೆ ಇನ್ನೊಂದು. ಎರಡರ ಬೇರೆತನವನ್ನು ಕಿವಿಯಿಂದ ಹಿಡಿಯುವುದು ರಸಿಕತೆ. ಒಂದನ್ನು ಹೊಡೆದು ಇನ್ನೊಂದನ್ನು ಮೇಲೇರಿಸುವುದರಿಂದ ಯಾರಿಗೂ ಒಂದು ಸ್ವರವೂ ಹೆಚ್ಚು ಕೇಳಿಸುವುದಿಲ್ಲ. ಭೀಮಸೇನರೇ ಜೈಪುರ-ಅತ್ರೌಲಿಯ ಕೇಸರಬಾಯಿ ಕೇರಕರರಿಂದಲೂ, ಇಂದೋರಿನ ಅಮೀರ್ ಖಾನರಿಂದಲೂ ತಾವು ಪಡೆದದ್ದನ್ನು ಮುಚ್ಚಿಟ್ಟವರಲ್ಲ. ಮನಸೂರರೂ ಮೊದಲು ನಾಟಕ ಕಂಪನಿಯ ಹುಡುಗ, ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ರೀತಿ ಕಲಿತವರು, ಅನಂತರ ಮಂಜಿ ಖಾನರ ಶಿಷ್ಯ. ಹಾಡಿದವರೇ ದಾಟಿದ ಬೇಲಿಯನ್ನು ಕೇಳುವವರು ಕಾಯುತ್ತ ಕೂರಬಾರದು.

ಇದಕ್ಕಿಂತಲೂ ನನ್ನನ್ನು ನೋಯಿಸುವುದು ಹಾರ್ಮೋನಿಯಂ ಬಗ್ಗೆ ಕೇಳಿಬರುವ ತಾತ್ಸಾರ. ಗುಂಪಿನಲ್ಲಿ ಯಾರಾದರೂ ಊರಿನ ಪೇಟಿ ಮಾಸ್ತರರ ನುಡಿಸಾಣಿಕೆ ಹಾಕಿದರೆ, ಶ್ರುತಿಸೂಕ್ಷ್ಮ ಬಾರದ ವಾದ್ಯವೆಂದು ಒಂದು ಸಾಲು ಬಂದೇ ಬರುತ್ತದೆ. ಆಕ್ಷೇಪಕ್ಕೆ ಆಧಾರವಿಲ್ಲವೆಂದಲ್ಲ. ಮನೆಗಳ ನಡುವೆ ಸ್ವರ ಜಾರುವುದಿಲ್ಲ, ಮೀಂಡು ಬರುವುದಿಲ್ಲ, ಗಮಕ ಬರುವುದಿಲ್ಲ. ಈ ಕಾರಣ ಕೊಟ್ಟೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಪಕ್ಕವಾದ್ಯವಾಗಿ ಒಳಗೆ ಬಿಟ್ಟುಕೊಳ್ಳಲು 1971ರವರೆಗೆ ಕಾಯಬೇಕಾಯಿತು. ಆದರೆ ಅಷ್ಟು ವರ್ಷ ರೇಡಿಯೋದಲ್ಲಿ ಕೇಳಿಸದ ಅದೇ ಪೇಟಿ ನಮ್ಮ ಸೀಮೆಯ ಕಿವಿಯನ್ನು ತಿದ್ದುತ್ತಿತ್ತು. ಕಂಪನಿ ನಾಟಕದ ರಂಗಗೀತೆಗಳಿಗೆ ಯಮನ್, ಭೂಪ, ಭೀಮಪಲಾಸದ ಹೆಸರೂ ಗೊತ್ತಿಲ್ಲದೆ ಜನ ತಲೆದೂಗಿದ್ದು ಅದರ ಆಸರೆಯಲ್ಲಿ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹೇಳುವಾಗ ಗವಾಯಿಗಳ ಮುಂದೆ ಇರುವುದೂ ಅದೇ, ಪಕ್ಕದಲ್ಲಿ ತಬಲಾ. ಗದಗಿನ ಅದೇ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ತಾವೇ ಹಾರ್ಮೋನಿಯಂ ನುಡಿಸುತ್ತಿದ್ದವರು. ಬೆಳಗಾವಿಯ ರಾಮಭಾವು ಬಿಜಾಪುರೆಯವರೂ ಧಾರವಾಡದ ವಸಂತ ಕನಕಾಪುರರೂ ಗಾಯಕನ ಉಸಿರನ್ನು ಹಿಂಬಾಲಿಸುವಂತೆ ನುಡಿಸಿ, ವಾದ್ಯದ ಕೊರತೆಯನ್ನು ಕೈಯ ಹದದಿಂದ ತುಂಬಿದರು. ಈ ವಾದ್ಯಕ್ಕೆ ಮೀಂಡು ಬಾರದು ಎಂದು ತಿಳಿದಿರುವುದು ತಿಳಿವಳಿಕೆ. ಅದರಿಂದ ಸಂಗೀತ ಕಲಿತ ನೆರೆಯವರನ್ನು ಕೀಳಾಗಿ ಕಾಣುವುದು ಮರೆವು. ನಮ್ಮ ಹರಟೆ ಈ ವಿಷಯದಲ್ಲಿ ಎರವಲು ತಂದ ಗತ್ತಿನಲ್ಲಿ ಮಾತಾಡುತ್ತದೆ, ತನ್ನ ಅನುಭವದಿಂದ ಮಾತಾಡುವುದಿಲ್ಲ.

ಅದೇ ಗತ್ತಿನ ಇನ್ನೊಂದು ಫಲವಿದೆ. ಅಮೀರ್ ಖಾನರ ಮಾರ್ವಾದ ಬಗ್ಗೆ ರಾತ್ರಿಯೆಲ್ಲ ಚರ್ಚೆ ಮಾಡುವ ಗುಂಪಿಗೆ, ತನ್ನ ತಾಲ್ಲೂಕಿನಲ್ಲೇ ಮಕ್ಕಳಿಗೆ ಸರಳೆ, ಅಲಂಕಾರ ಹೇಳಿಕೊಡುತ್ತಿರುವವರು ಯಾರು ಎಂದು ತಿಳಿದಿರುವುದಿಲ್ಲ. ಗದಗಿನ ಆಶ್ರಮದಲ್ಲಿ ಕಲಿತು ಬಂದ ಗವಾಯಿಗಳು, ತಬಲಾ ನುಡಿಸುವವರು ಈ ಭಾಗದ ಮಠಗಳಲ್ಲಿ, ಶಾಲೆಗಳಲ್ಲಿ, ಭಜನೆ ಮೇಳಗಳಲ್ಲಿ ಹರಡಿಕೊಂಡಿದ್ದಾರೆ. ಪುರಾಣ ಮುಗಿದ ಮೇಲೆ ಅವರಲ್ಲೊಬ್ಬರನ್ನು ಕೂರಿಸಿ ಬರೀ ಒಂದು ರಾಗ ಹಾಡಿಸಿದರೆ ಊರಿನವರು ಅವರನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ವಚನವನ್ನೂ ತತ್ವಪದವನ್ನೂ ಹಾಡುವ ಆ ಕಂಠದಲ್ಲಿ ಖಯಾಲು ಕಾದುಕೊಂಡಿರುತ್ತದೆ. ಕೇಳುವವರು ಬೇಕು, ಅಷ್ಟೆ.

ತುಣುಕು ಹಂಚುವ ಚಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೇಟಸ್ಸಿಗೆ ಹಿಡಿಸುವಷ್ಟೇ ಉದ್ದದ ತಾನ್ ಕೇಳಿ “ಅಬ್ಬಾ” ಎನ್ನುವುದು ಸುಲಭ. ಹಿಂದಿನವರು ಗ್ರಾಮಫೋನ್ ತಟ್ಟೆಯ ಮೂರು ಚಿಲ್ಲರೆ ನಿಮಿಷಕ್ಕೆ ಕಟ್ಟುಬಿದ್ದದ್ದು ಯಂತ್ರದ ಮಿತಿಯಿಂದ. ಆ ಅವಧಿಯೊಳಗೇ ರಾಗದ ಇಡೀ ಚಿತ್ರ ಕೊಡುವಂತೆ ಅಬ್ದುಲ್ ಕರೀಂ ಖಾನರಂಥವರು ಹಾಡಿದರು. ನಾವು ಒಂದು ಗಂಟೆಯ ಗಾಯನವನ್ನು ಕತ್ತರಿಸಿ ಅದರ ತುದಿಯನ್ನು ಮಾತ್ರ ಎತ್ತಿಕೊಳ್ಳುತ್ತಿದ್ದೇವೆ. ಬುಡವಿಲ್ಲದ ತುದಿ ಕೇಳಿದವರಿಗೆ ವಿಲಂಬಿತ ಬೇಸರವಾಗತೊಡಗುತ್ತದೆ. ಆ ಬೇಸರವೇ ಆಮೇಲೆ ಅಭಿಪ್ರಾಯವಾಗುತ್ತದೆ.

ಇವೆಲ್ಲಕ್ಕೂ ಮದ್ದು ಭೇಟಿಯಲ್ಲಿದೆ ಎಂದು ನಾನು ನಂಬುತ್ತೇನೆ. ಹರಟೆ ಮಾಡುವ ಗುಂಪು ಅಪರೂಪಕ್ಕೆ ಒಂದು ಭಾನುವಾರ ಯಾರದಾದರೂ ಪಡಸಾಲೆಯಲ್ಲಿ ಸೇರಿದಾಗ, ಮೊಬೈಲಿನಲ್ಲಿ ಕತ್ತಿ ಮಸೆದವರು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಬರುತ್ತವೆ. ಆಗ ಮಾತಿನ ಧಾಟಿಯೇ ಬೇರೆ. ಅಕ್ಷರದಲ್ಲಿ “ಇದು ತಪ್ಪು” ಎಂದು ಬರೆದವರು ಎದುರಿಗೆ ಕೂತಾಗ “ಇಲ್ಲಿ ಕೇಳಿ, ಈ ನಿಷಾದ ನನಗ್ಯಾಕೋ ಕೂರಲಿಲ್ಲ” ಎನ್ನುತ್ತಾರೆ. ವಿಮರ್ಶೆ ಶುರುವಾಗುವುದೇ ಆಗ, ತೀರ್ಪು ಬಿಟ್ಟು ಸ್ವರದ ಮೇಲೆ ಬೆರಳಿಟ್ಟಾಗ. ಇನ್ನೊಂದು ಬದಲಾವಣೆಯನ್ನೂ ಗಮನಿಸಿದ್ದೇನೆ: ಗುಂಪಿನಲ್ಲಿ ಒಂದಕ್ಷರ ಬರೆಯದ ಮನೆಯ ಹೆಂಗಸರು ಭೇಟಿಯಲ್ಲಿ ಮಾತಾಡುತ್ತಾರೆ. ದೇವರನಾಮ, ಸೋಬಾನೆ, ಭದ್ರಾವತಿ ಆಕಾಶವಾಣಿಯ ಬೆಳಗಿನ ಸಂಗೀತ — ಇವನ್ನೆಲ್ಲ ದಶಕಗಟ್ಟಲೆ ಕೆಲಸದ ನಡುವೆ ಕೇಳಿದ ಕಿವಿಗಳು ಅವು. 1965ರಲ್ಲಿ ಶುರುವಾದ ಆ ನಿಲಯ ಈ ಭಾಗದ ಎಷ್ಟೋ ಅಡುಗೆಮನೆಗಳಿಗೆ ಸಂಗೀತದ ಮೇಷ್ಟ್ರಾಗಿತ್ತು. ರಾಗದ ಹೆಸರು ಅವರಿಗೆ ಬಾರದಿರಬಹುದು. “ಇದು ಆ ಹಾಡಿನ ತರವೇ ಇದೆಯಲ್ಲ” ಎಂದು ಅವರು ಸೂಚಿಸುವ ಹೋಲಿಕೆ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತದೆ.

ಹಾಗಂತ ಈ ಭೇಟಿಗಳೆಲ್ಲ ಸಾರ್ಥಕವಾಗುತ್ತವೆ ಎನ್ನಲಾರೆ. ಸನ್ಮಾನ, ಶಾಲು, ಗುಂಪು ಫೋಟೋ ಬಂದ ಕೂಡಲೇ ಸಂಗೀತ ಹಿಂದೆ ಸರಿಯುತ್ತದೆ. ಎರಡು ತಾಸಿನ ಸಭೆಯಲ್ಲಿ ಪ್ರಾಸ್ತಾವಿಕ ಮಾತಿಗೇ ಅರ್ಧ ಹೊತ್ತು ಹೋದರೆ ಉಳಿದರ್ಧದಲ್ಲಿ ಯಾವ ರಾಗ ತಾನೇ ಬಿಚ್ಚಿಕೊಂಡೀತು? ಒಂದು ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಮಾತಿಲ್ಲದೆ ಕೇಳಿಸಬೇಕು. ಹರಟೆ ಏನಿದ್ದರೂ ಆಮೇಲೆ. ಬಂದವರೆಲ್ಲ ಕೈಲಾದಷ್ಟು ಹಾಕಿ, ಊರಿನ ಗವಾಯಿಗಳಿಗೂ ತಬಲಾದವರಿಗೂ ಒಪ್ಪುವ ಸಂಭಾವನೆ ಕೊಟ್ಟೇ ಹಾಡಿಸಬೇಕು. ಅಭಿಮಾನದ ಹೆಸರಿನಲ್ಲಿ ಬಿಟ್ಟಿ ಹಾಡಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ಅದು ನಿಲ್ಲಬೇಕು.

ಇನ್ನು ಹೊತ್ತಿನ ವಿಷಯ. ಸಂಜೆ ಸೇರಲು ಆಗುವುದಿಲ್ಲ, ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ ಎಂದು ನಮ್ಮವರು ಪೇಚಾಡುತ್ತಾರೆ. ಜಗಳೂರಿನವರು ಹೊನ್ನಾಳಿಗೆ ಬಂದು ತಿರುಗಿ ಹೋಗಬೇಕೆಂದರೆ ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು. ಹೀಗಾಗಿ ಭೇಟಿಗಳು ಹಗಲಲ್ಲೇ ನಡೆಯುತ್ತವೆ. ನನಗೆ ಇದು ಕೊರತೆಯಾಗಿ ಕಾಣುವುದಿಲ್ಲ. ಹಿಂದುಸ್ತಾನಿಯಲ್ಲಿ ರಾಗಕ್ಕೆ ಹೊತ್ತಿನ ನಿಯಮವಿದೆ; ನಗರದ ಕಛೇರಿಗಳು ಹೆಚ್ಚಾಗಿ ಸಂಜೆಯಾದ್ದರಿಂದ ಹಗಲಿನ ರಾಗಗಳು ಧ್ವನಿಮುದ್ರಣದಲ್ಲೇ ಉಳಿದುಬಿಟ್ಟಿವೆ. ಯಮನ್, ಬಾಗೇಶ್ರೀ, ಮಾಲಕೌಂಸ್ ಎದುರಿಗೆ ಕೂತು ಎಷ್ಟು ಸಲ ಕೇಳಿದವರಿಗೂ ನೆತ್ತಿಯ ಮೇಲೆ ಸೂರ್ಯನಿರುವಾಗ ಸಾರಂಗ ಕೇಳುವ ಅವಕಾಶ ಸಿಕ್ಕಿರುವುದಿಲ್ಲ. ನಮ್ಮ ಭಾನುವಾರದ ಭೇಟಿಗೆ ಅದು ತಾನಾಗಿ ಒದಗಿ ಬರುತ್ತದೆ. ಹತ್ತು ಗಂಟೆಗೆ ಸೇರಿದರೆ ತೋಡಿಯಿಂದ ಶುರುಮಾಡಬಹುದು, ಊಟಕ್ಕೆ ಮುಂಚೆ ವೃಂದಾವನಿ ಸಾರಂಗ, ಉಂಡು ಎದ್ದ ಮೇಲೆ ಭೀಮಪಲಾಸ, ಬಿಸಿಲು ಇಳಿಯುವಾಗ ಮುಲ್ತಾನಿ. ಶಿವಮೊಗ್ಗದ ಅತ್ತೆಯನ್ನೂ ಕರೆಸಿದರೆ ಭೀಮಪಲಾಸದ ಬೆನ್ನಿಗೇ ಅವರಿಂದ ಒಂದು ಆಭೇರಿ ಹಾಡಿಸಬಹುದು. ಮುಲ್ತಾನಿ ಮುಗಿಸಿ ಎದ್ದರೂ ಜಗಳೂರಿನವರಿಗೆ ದಾವಣಗೆರೆಯ ಬಸ್ಸು ಸಿಗುತ್ತದೆ.