ಓದು ಮುಗಿದ ಮೇಲೆ ಉಳಿಯುವ ದುಃಖ

ಕಾವ್ಯದ ಪರಮಪ್ರಯೋಜನ ಆನಂದವೆಂದು ನಮ್ಮ ಲಾಕ್ಷಣಿಕರು ಸಾರಿದ್ದಾರೆ. ಆದರೆ ಕೆಲವು ಗ್ರಂಥಗಳುಂಟು. ಅವನ್ನು ಓದಿ ಮುಗಿಸಿದ ವಾಚಕನು ತಾನು ಆನಂದಪಟ್ಟೆನೆಂದು ಹೇಳಲಾರನು. ಕೊನೆಯ ಪುಟವನ್ನು ಮಗುಚಿದ ಮೇಲೆ ಅವನಿಗೆ ಅನ್ನ ಸೇರುವುದಿಲ್ಲ, ನಿದ್ರೆ ಹತ್ತುವುದಿಲ್ಲ, ಮನೆಯವರು ಮಾತನಾಡಿಸಿದರೆ ಉತ್ತರಿಸಲು ಮನಸ್ಸು ಬರುವುದಿಲ್ಲ. ಇದೆಲ್ಲ ಕಲ್ಪಿತ ಕಥೆಯೆಂದು ಬುದ್ಧಿ ಹೇಳಿದರೂ ಹೃದಯವು ಒಪ್ಪುವುದಿಲ್ಲ. ಸಂಸಾರದಲ್ಲಿ ದುಃಖಕ್ಕೆ ಕೊರತೆಯಿಲ್ಲದಿರುವಾಗ ಹಣ ಕೊಟ್ಟು ಪುಸ್ತಕ ತಂದು ಇನ್ನಷ್ಟು ದುಃಖವನ್ನು ಏಕೆ ತಲೆಗೆ ಕಟ್ಟಿಕೊಳ್ಳಬೇಕು? ಈ ಪ್ರಶ್ನೆಯು ಸಾಮಾನ್ಯ ವಾಚಕರದು ಎಂದು ವಿಮರ್ಶಕರು ಇದನ್ನು ಬದಿಗಿಡುವುದುಂಟು. ನಾನೂ ಒಮ್ಮೆ ಹಾಗೆಯೇ ಮಾಡಿದೆನು. ಅದನ್ನು ಹೇಳಿಕೊಂಡೇ ವಿಷಯಕ್ಕೆ ಬರುವುದು ಉಚಿತ.

ಸುಮಾರು ಮೂವತ್ತೈದು ವರ್ಷಗಳ ಹಿಂದೆ ನಾನು ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆನು. ಓದುವುದರಲ್ಲಿ ಚುರುಕಾಗಿದ್ದ ಒಬ್ಬ ವಿದ್ಯಾರ್ಥಿನಿಗೆ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ಕೊಟ್ಟೆನು. ಆಕೆ ಅದನ್ನು ಅರ್ಧಕ್ಕೇ ತಂದು ಮೇಜಿನ ಮೇಲಿಟ್ಟಳು. “ಸಾರ್, ಇದನ್ನ ಓದೋಕೆ ಆಗಲ್ಲ. ನಮ್ಮನೇಲೂ ಹಿಂಗೇ ಐತೆ” ಎಂದಳು. ನಾನು, ಸಾಹಿತ್ಯವನ್ನು ಓದಲು ಎದೆಗಟ್ಟಿ ಬೇಕು, ಅಳುಬುರುಕರಿಗೆ ಇದು ಸಲ್ಲದು ಎಂದು ಉಳಿದ ಮಕ್ಕಳ ಎದುರಿಗೇ ನುಡಿದೆನು. ಆಕೆ ಮರುಮಾತಾಡಲಿಲ್ಲ. ಅವಳ ಮನೆಯಲ್ಲಿ ಏನಿತ್ತೆಂದು ನಾನು ಕೇಳಲೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಸುದ್ದಿ ಬಂದ ವಾರ ಆ ಕಾದಂಬರಿಯನ್ನು ಮತ್ತೆ ಓದಿದೆನು. ಓದುತ್ತಿದ್ದಂತೆ ನಂಜಮ್ಮನಿಗಿಂತ ಹೆಚ್ಚಾಗಿ ಆ ಹುಡುಗಿಯ ಮುಖವೇ ಕಣ್ಣೆದುರು ಬರುತ್ತಿತ್ತು. ಈ ಲೇಖನವು ಒಂದರ್ಥದಲ್ಲಿ ಆಕೆಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ.

ಕರುಣರಸಕ್ಕೆ ಶೋಕವು ಸ್ಥಾಯಿಯೆಂದು ಭರತನು ಹೇಳಿದನು. ಭವಭೂತಿಯಂತೂ ಕರುಣಕ್ಕೆ ಎಲ್ಲ ರಸಗಳಲ್ಲಿಯೂ ಅಗ್ರಸ್ಥಾನವನ್ನು ಕೊಟ್ಟನು. ಆದರೂ ‘ಉತ್ತರರಾಮಚರಿತ’ದ ಕೊನೆಯಲ್ಲಿ ಅವನು ಸೀತಾರಾಮರನ್ನು ಒಂದುಗೂಡಿಸದೆ ಬಿಡಲಿಲ್ಲ. ಪ್ರೇಕ್ಷಕನನ್ನು ಎಷ್ಟೇ ಅಳಿಸಿದರೂ ಮನೆಗೆ ಕಳುಹಿಸುವಾಗ ಕಣ್ಣೊರಸಿ ಕಳುಹಿಸಬೇಕೆಂಬುದು ಆ ಪರಂಪರೆಯ ಸೌಜನ್ಯ. ಈ ಸೌಜನ್ಯವನ್ನು ಕನ್ನಡದಲ್ಲಿ ಅದರ ತುತ್ತತುದಿಯವರೆಗೆ ಪರೀಕ್ಷಿಸಿದವನು 13ನೆಯ ಶತಮಾನದ ರಾಘವಾಂಕ.

‘ಹರಿಶ್ಚಂದ್ರ ಕಾವ್ಯ’ದ ಶ್ಮಶಾನದ ಪ್ರಸಂಗವನ್ನು ಪಾಠ ಹೇಳಿದ ಯಾವ ಅಧ್ಯಾಪಕನೂ ಅದನ್ನು ಮರೆಯಲಾರನು. ಮಗನು ಕಾಡಿನಲ್ಲಿ ಹಾವು ಕಚ್ಚಿ ಮಡಿದಿದ್ದಾನೆ. ಪರರ ಮನೆಯ ತೊತ್ತಾದ ಚಂದ್ರಮತಿಯು ಕತ್ತಲೆಯಲ್ಲಿ ಒಬ್ಬಳೇ ಅವನ ಶವವನ್ನು ಸುಡುಗಾಡಿಗೆ ತರುತ್ತಾಳೆ. ಅಲ್ಲಿ ಸುಡುವ ತೆರೆಯನ್ನು ಕೇಳಿ ಅಡ್ಡಗಟ್ಟುವವನು ಅವಳ ಗಂಡನೇ. ದಣಿಯಾದ ವೀರಬಾಹುವಿಗೆ ಸಲ್ಲಬೇಕಾದುದನ್ನು ತನ್ನ ಮಗನ ಹೆಣಕ್ಕಾಗಿಯೂ ಅವನು ಬಿಡಲಾರನು. ಮುಂದೆ ಅವಳ ಮೇಲೆ ಕೊಲೆಯ ಅಪವಾದ ಬಂದಾಗ ಅವಳ ಕೊರಳಿಗೆ ಕತ್ತಿಯೆತ್ತಬೇಕಾದವನೂ ಅವನೇ. ಕತ್ತಿಯನ್ನು ಎತ್ತಿದಾಗ ಕಾಶಿಯ ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ. ಹೋದ ಮಗನೂ ಹೋದ ರಾಜ್ಯವೂ ಹಿಂದಿರುಗುತ್ತವೆ. ಮಾನವನಾದ ಅರಸನನ್ನು ಹಾಡಿದನೆಂದು ಸೋದರಮಾವನೂ ಗುರುವೂ ಆದ ಹರಿಹರನು ಮುನಿದನೆಂಬ ಐತಿಹ್ಯ ವಾಚಕರಿಗೆ ತಿಳಿದುದೇ. ಅದು ಎಷ್ಟರಮಟ್ಟಿಗೆ ನಡೆದ ಸಂಗತಿಯೋ, ಆದರೆ ಅದರಲ್ಲಿ ಒಂದು ವಿಮರ್ಶೆ ಅಡಗಿದೆ. ದೇವರು ಕೊನೆಯಲ್ಲಿ ಬಂದು ಎಲ್ಲವನ್ನೂ ಸರಿಪಡಿಸಿದರೂ ಓದುಗನ ನೆನಪಿನಲ್ಲಿ ನಿಲ್ಲುವುದು ದೇವರು ಬರುವುದಕ್ಕೆ ಮುಂಚಿನ ಮನುಷ್ಯನ ನೋವು. ಮಕ್ಕಳಿಗೆ ನಾನು ಎಷ್ಟು ಸಾರಿ ಈ ಕಾವ್ಯವನ್ನು ಹೇಳಿದ್ದೇನೋ ಅಷ್ಟು ಸಾರಿಯೂ ಅವರು ಕೇಳಿದ ಪ್ರಶ್ನೆಗಳು ಶ್ಮಶಾನದ ಬಗೆಗೇ ಹೊರತು ಮರಳಿ ಬಂದ ರಾಜ್ಯದ ಬಗೆಗಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ಲೇಖಕರು ಆ ಕೊನೆಯ ಪ್ರತ್ಯಕ್ಷವನ್ನು ಕೈಬಿಟ್ಟರು. ಬಿ. ಎಂ. ಶ್ರೀಯವರು ‘ಅಶ್ವತ್ಥಾಮನ್’ (1929) ನಾಟಕದ ಮೂಲಕ ಗ್ರೀಕರ ರುದ್ರನಾಟಕದ ದಾರಿಯನ್ನು ತೋರಿದರು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಆ ದಾರುಣತೆಯನ್ನು ವೀರರ ಶಿಬಿರದಿಂದ ಹೊಲೆಯನೊಬ್ಬನ ಗುಡಿಸಿಲಿಗೆ ತಂದಿತು. ಒಂದು ತುಂಡು ನೆಲವನ್ನು ತಾನೇ ಉಳಬೇಕೆಂಬುದು ಚೋಮನ ಆಸೆ. ಸಾಲಕ್ಕಾಗಿ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬನು ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬನು ಮತವನ್ನು ಬದಲಿಸಿ ದೂರವಾಗುತ್ತಾನೆ. ಕಿರಿಯವನು ನೀರಿನಲ್ಲಿ ಮುಳುಗುತ್ತಿರುವಾಗ, ಮುಟ್ಟಿದರೆ ಮೈಲಿಗೆಯೆಂಬ ಭಾವನೆಯು ದಡದಲ್ಲಿದ್ದವರ ಕೈಗಳನ್ನು ಕಟ್ಟಿಹಾಕುತ್ತದೆ. ಹೀಗೆ ಎಲ್ಲವೂ ಕಳಚಿದ ಮೇಲೆ ಚೋಮನಿಗೆ ಉಳಿಯುವುದು ದುಡಿಯೊಂದೇ. ಅದನ್ನು ಬಾರಿಸುತ್ತಲೇ ಅವನು ಮುಗಿಯುತ್ತಾನೆ. ಕಾರಂತರು ಎಲ್ಲಿಯೂ ವಾಚಕನನ್ನು ಅಳೆಂದು ಕೇಳುವುದಿಲ್ಲ.

‘ಗೃಹಭಂಗ’ (1970) ಈ ಮಾರ್ಗದಲ್ಲಿ ಇನ್ನೂ ಮುಂದೆ ಹೋದ ಕೃತಿ. ಹಿಂದಿನ ಮೈಸೂರು ಸಂಸ್ಥಾನದ ರಾಮಸಂದ್ರವೆಂಬ ಹಳ್ಳಿಯ ಶ್ಯಾನುಭೋಗರ ಮನೆತನ ಅದರ ವಸ್ತು. ಅತ್ತೆ ಗಂಗಮ್ಮನ ಬಾಯಿ ಹರಿತವಾದುದು. ಗಂಡ ಚೆನ್ನಿಗರಾಯನಿಗೆ ತನ್ನ ಹೊಟ್ಟೆಯ ಹೊರತು ಬೇರೆ ಲೋಕವಿಲ್ಲ. ಸಾಲದಲ್ಲಿ ಜಮೀನು ಹೋಗುತ್ತದೆ. ಹೆಸರಿಗೆ ಮಾತ್ರ ಶ್ಯಾನುಭೋಗನಾದ ಗಂಡನ ಲೆಕ್ಕಪತ್ರಗಳನ್ನು ನಂಜಮ್ಮನೇ ಬರೆಯುತ್ತಾಳೆ. ಮುತ್ತುಗದ ಎಲೆಗಳನ್ನು ತಂದು ಹಚ್ಚಿ ಮಾರುತ್ತಾಳೆ. ಆ ಹಣದಲ್ಲಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ, ಅವರಿಗೆ ಅಕ್ಷರ ಕಲಿಸುತ್ತಾಳೆ. ಮಗಳು ಪಾರ್ವತಿಗೆ ಮದುವೆಯಾಗಿ ಇನ್ನೇನು ಬಾಳು ಹಸನಾಯಿತೆನ್ನುವಾಗ ಊರಿಗೆ ಪ್ಲೇಗು ಬರುತ್ತದೆ. ಪಾರ್ವತಿ, ರಾಮಣ್ಣ ಇಬ್ಬರೂ ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಉಳಿದ ವಿಶ್ವನಿಗಾಗಿ ನಂಜಮ್ಮ ಮತ್ತೆ ಎದ್ದು ನಿಲ್ಲುತ್ತಾಳೆ; ಮುಂದೆ ಅದೇ ರೋಗವು ಅವಳನ್ನೂ ಒಯ್ಯುತ್ತದೆ.

ಇಲಿ ಬಿದ್ದ ಮನೆಯನ್ನು ತೊರೆದು, ಊರಾಚೆ ಗುಡಿಸಿಲು ಕಟ್ಟಿ, ಮೈಯಲ್ಲಿ ಗೆಡ್ಡೆ ಕಂಡಿತೇ ಎಂದು ಮಕ್ಕಳ ಕಂಕುಳನ್ನು ಮುಟ್ಟಿ ನೋಡುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡವರು. ಭೈರಪ್ಪನವರೂ ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಒಪ್ಪಿಸಿದವರು. ಅವರ ಆತ್ಮಕಥೆ ‘ಭಿತ್ತಿ’ (1996) ಅದನ್ನು ಹೇಳುತ್ತದೆ. ಹೀಗಿದ್ದೂ ಕಾದಂಬರಿಯಲ್ಲಿ ಅವರ ಲೇಖನಿ ಕಂಪಿಸುವುದಿಲ್ಲ. ಎರಡು ಮಕ್ಕಳ ಸಾವನ್ನು ಹೇಳುವ ಭಾಷೆಯೂ ಕಂದಾಯದ ಲೆಕ್ಕವನ್ನು ಹೇಳುವ ಭಾಷೆಯೂ ಒಂದೇ. ಲೇಖಕನು ತಾನೇ ಅತ್ತುಬಿಟ್ಟರೆ ವಾಚಕನ ಪಾಲಿನ ಅಳು ಅಲ್ಲಿಯೇ ತೀರಿಹೋಗುತ್ತದೆ. ಲೇಖಕನು ಅಳದೆ ಮುಂದಿನ ಸಂಗತಿಗೆ ನಡೆದನೆಂದರೆ ಅಳು ವಾಚಕನ ಬಳಿಯೇ ಉಳಿಯುತ್ತದೆ; ಪುಸ್ತಕವನ್ನು ಮುಚ್ಚಿದ ಮೇಲೂ ಅದು ಅವನೊಂದಿಗೆ ಬರುತ್ತದೆ. ಓದು ಮುಗಿದ ಮೇಲಿನ ಭಾರಕ್ಕೆ ಇದು ಮೊದಲನೆಯ ಕಾರಣ.

ಎರಡನೆಯದು ಇದಕ್ಕಿಂತ ಮುಖ್ಯ. ಕೇವಲ ಕಷ್ಟಗಳನ್ನು ಪೇರಿಸಿದರೆ ಕಣ್ಣೀರು ಬಂದೀತು, ಭಾರ ಉಳಿಯದು. ಹಾಗೆ ಅಳಿಸುವ ಕಥೆಗಳಲ್ಲಿ ನೊಂದವರಿಗೆ ನೋಯುವುದರ ಹೊರತು ಬೇರೆ ಕಸುಬಿರುವುದಿಲ್ಲ. ನಂಜಮ್ಮನಾದರೋ ಮೊದಲಿನಿಂದ ಕಡೆಯವರೆಗೂ ಕೆಲಸ ಮಾಡುವವಳು. ಅವಳು ಗೆರೆ ಹಾಕಿ ಬರೆದ ಲೆಕ್ಕ ಚೊಕ್ಕಟ, ಅವಳು ಹಚ್ಚಿದ ಎಲೆ ಚೊಕ್ಕಟ. ಆ ಕೈಗಳ ನಿಪುಣತೆಯನ್ನು ನೂರಾರು ಪುಟಗಳವರೆಗೆ ಕಂಡ ಮೇಲೆ ಅವು ನಿಶ್ಚೇಷ್ಟವಾದಾಗ ಏನು ನಷ್ಟವಾಯಿತೆಂಬುದು ನಮಗೆ ಗೊತ್ತಾಗುತ್ತದೆ. ಕಾಯಕದ ಮಹಿಮೆಯನ್ನರಿತ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಸಾವಿನ ವರ್ಣನೆಯು ಎಷ್ಟು ಉದ್ದವಾಗಿದೆ ಎಂಬುದಕ್ಕಿಂತ, ಹೋದವರ ಬಾಳನ್ನು ನಮಗೆ ಎಷ್ಟು ತೋರಿಸಲಾಗಿತ್ತು ಎಂಬುದೇ ಶೋಕದ ಅಳತೆ.

ಈ ಕಾದಂಬರಿಯ ಮೇಲೆ ಒಂದು ಆಕ್ಷೇಪವುಂಟು. ಗಂಗಮ್ಮ, ಚೆನ್ನಿಗರಾಯರು ಮೊದಲ ಪುಟದಲ್ಲಿ ಹೇಗಿದ್ದರೋ ಕೊನೆಯಲ್ಲಿಯೂ ಹಾಗೆಯೇ ಇದ್ದಾರೆ. ಇಷ್ಟು ಸಾವುಗಳೂ ಅವರನ್ನು ಮುಟ್ಟುವುದಿಲ್ಲ. ಮನುಷ್ಯರು ಇಷ್ಟು ಜಡರಾಗಿರುವುದು ಸಂಭವವೇ ಎಂಬುದು ಆ ಆಕ್ಷೇಪ. ಇದರಲ್ಲಿ ಸ್ವಲ್ಪ ಹುರುಳಿಲ್ಲದೆ ಇಲ್ಲ. ಚೆನ್ನಿಗರಾಯನ ಅಂತರಂಗಕ್ಕೆ ಲೇಖಕರು ಒಂದೆರಡು ಬಾರಿಯಾದರೂ ಇಳಿದಿದ್ದರೆ ಚಿತ್ರವು ಪೂರ್ಣವಾಗುತ್ತಿತ್ತೆಂದು ನನಗೂ ತೋರುತ್ತದೆ. ಆದರೆ ಇವರು ಖಳರಲ್ಲ ಎಂಬುದನ್ನು ಗಮನಿಸಬೇಕು. ಯಾರ ಮನೆಯನ್ನೂ ಮುರಿಯಬೇಕೆಂದು ಇವರು ಸಂಕಲ್ಪಿಸಿದವರಲ್ಲ. ತನ್ನ ತಟ್ಟೆಯ ಆಚೆಗೆ ನೋಡದ ಸ್ವಭಾವವೊಂದೇ ಸಾಕು, ಒಂದು ಗೃಹವು ಭಂಗವಾಗಲು. ಖಳನಿದ್ದರೆ ಅವನನ್ನು ದ್ವೇಷಿಸಿ ನಾವು ಹಗುರಾಗಬಹುದು. ಇಲ್ಲಿ ಆ ಅನುಕೂಲವಿಲ್ಲ. ನಮ್ಮ ನಮ್ಮ ಮನೆಗಳಲ್ಲಿಯೂ ಆ ಸ್ವಭಾವದ ಅಂಶವುಂಟೆಂದು ಅಳುಕಬೇಕಾಗುತ್ತದೆ.

ಇನ್ನು ಮಾದೇವಯ್ಯನವರ ವಿಷಯ. ಊರ ಗುಡಿಯಲ್ಲಿ ನೆಲೆಸಿ, ಭಿಕ್ಷೆಯಿಂದ ಜೀವಿಸುತ್ತ, ಪದಗಳನ್ನು ಹಾಡಿಕೊಂಡಿರುವ ಈ ಅಯ್ಯನವರು ನಂಜಮ್ಮನ ಕಷ್ಟಕಾಲದಲ್ಲೆಲ್ಲ ಬಂದು ನಿಲ್ಲುವವರು. ಸ್ವಜಾತಿಯ ಪುರೋಹಿತರು ದಂಡ ಕೇಳಲು ಬರುತ್ತಾರೆ. ಇವರು ಕ್ಷೇಮ ಕೇಳಲು ಬರುತ್ತಾರೆ. ತಾಯಿಯಿಲ್ಲದ ವಿಶ್ವನು ಬಂಧುಗಳ ಮನೆಯಲ್ಲಿಯೂ ನೆಲೆಗಾಣದಾದಾಗ ಅವನನ್ನು ಕರೆದುಕೊಂಡು ಊರು ಬಿಡುವವರೂ ಇವರೇ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಈ ಪಾತ್ರವನ್ನು ನಮ್ಮ ಮತದ ಪ್ರಶಂಸೆಯೆಂದು ಬಗೆದು ಬೀಗುವುದು ಸಲ್ಲದು. ಮಾದೇವಯ್ಯನವರಿಗೆ ಯಾವ ಪವಾಡವೂ ಬಾರದು. ಪಾರ್ವತಿಯನ್ನಾಗಲಿ ರಾಮಣ್ಣನನ್ನಾಗಲಿ ನಂಜಮ್ಮನನ್ನಾಗಲಿ ಅವರು ಉಳಿಸಲಾರರು. ರಾಘವಾಂಕನಲ್ಲಿ ವಿಶ್ವನಾಥನು ನಿಂತ ಸ್ಥಳದಲ್ಲಿ ಇಲ್ಲಿ ಜೋಳಿಗೆಯ ಮುದುಕನೊಬ್ಬನು ನಿಂತಿದ್ದಾನೆ. ಹೋದುದನ್ನು ಹಿಂದಕ್ಕೆ ತರುವ ಶಕ್ತಿ ಅವನಿಗಿಲ್ಲ. ಉಳಿದ ಒಂದು ಮಗುವಿನ ಕೈ ಹಿಡಿಯುವ ಶಕ್ತಿ ಇದೆ. ಇದು ಸಮಾಧಾನವಲ್ಲ. ಹೀಗಾಗಿಯೇ ಪುಸ್ತಕ ಮುಚ್ಚಿದ ಮೇಲೂ ಎದೆ ಹಗುರಾಗುವುದಿಲ್ಲ. ಆದರೆ ಆ ದುಃಖದೊಡನೆ ಏನು ಮಾಡಬೇಕೆಂಬುದನ್ನು ಲೇಖಕರು ಒಂದು ಮಾತನ್ನೂ ಆಡದೆ ತೋರಿಸಿಬಿಟ್ಟಿದ್ದಾರೆ. ದಯೆಯು ಮನಸ್ಸಿನ ಆರ್ದ್ರತೆಯಷ್ಟೇ ಆಗಿ ಉಳಿಯದೆ ಸಕಲ ಪ್ರಾಣಿಗಳ ಕಡೆಗೆ ನಡೆಯಬೇಕೆಂಬುದೇ ಬಸವಾದಿ ಶರಣರ ಧರ್ಮ. ಓದಿ ಅತ್ತು, ಕಣ್ಣೊರಸಿಕೊಂಡು, ಎಷ್ಟು ಚೆನ್ನಾಗಿ ಬರೆದಿದ್ದಾರೆಂದು ಹೊಗಳಿ ಕಪಾಟಿನಲ್ಲಿಟ್ಟರೆ ಆ ಓದು ಅರ್ಧದಲ್ಲಿಯೇ ನಿಂತಂತೆ.

ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂದು ನಾವು ಹೇಳುತ್ತ ಬಂದಿದ್ದೇವೆ. ಅದು ಕವಿಯ ಮಾತಾಯಿತು. ಕವಿಯಲ್ಲದ ವಾಚಕನ ಶೋಕವು ಏನಾಗಬೇಕು? ನನ್ನ ಮಟ್ಟಿಗೆ ಉತ್ತರವು ಆ ತರಗತಿಯಲ್ಲಿಯೇ ಇತ್ತು. ನಂಜಮ್ಮನಿಗಾಗಿ ನಿದ್ರೆಗೆಟ್ಟಿದ್ದ ನಾನು, ನಂಜಮ್ಮನಂಥ ಮನೆಯಿಂದ ಬಂದ ಮಗು ಎದುರಿಗೆ ನಿಂತಾಗ ಗದರಿಸಿ ಕಳುಹಿಸಿದೆನು. ಪುಸ್ತಕವನ್ನು ನಾನು ಪೂರ್ತಿ ಓದಿದ್ದೆನು. ಆಕೆ ಅರ್ಧ ಓದಿದ್ದಳು. ಅದನ್ನು ಅರಿತವರು ಯಾರೆಂದು ಈಗ ಯಾರಾದರೂ ಕೇಳಿದರೆ ನಾನು ನನ್ನ ಹೆಸರನ್ನು ಹೇಳಲಾರೆನು.

ಆದುದರಿಂದ ತರುಣ ವಿದ್ಯಾರ್ಥಿಗಳಿಗೆ ನನ್ನ ವಿನಂತಿಯಿಷ್ಟೆ. ಇಂಥ ಗ್ರಂಥಗಳನ್ನು ಓದಿರಿ. ಓದಲಾರೆನೆಂದವರನ್ನು ಹೀಗಳೆಯಬೇಡಿರಿ, ಪುಸ್ತಕವು ಹೇಳುವುದನ್ನು ಅವರು ಬೇರೆ ಕಡೆಯಲ್ಲಿ ಓದಿಕೊಂಡಿರಬಹುದು. ಓದು ಮುಗಿದ ಮೇಲಿನ ಭಾರವನ್ನು ಕೊಡವಿಕೊಳ್ಳಲು ಅವಸರಪಡಬೇಡಿರಿ. ಎರಡು ದಿನ ಅದನ್ನು ಹೊತ್ತುಕೊಂಡೇ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ನಡೆದಾಡಿರಿ. ಮೊದಲು ಕಾಣದಿದ್ದ ಕೆಲವು ಮುಖಗಳು ಆಗ ಕಾಣುತ್ತವೆ. ಕಂಡಾಗ ನಿಂತು, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂದು ಕೇಳಿರಿ. ನಾನು ಅಂದು ಕೇಳದೆ ಬಿಟ್ಟುದು ಅದೊಂದು ಮಾತನ್ನೇ.