ಎದೆಯ ಮೇಲಿನ ಬಿಲ್ಲೆ ಯಾರ ಸ್ವತ್ತು?

ಅಧಿಕಾರವು ಮನುಷ್ಯನಿಗೆ ದೊರೆಯುವುದು ಒಂದು ಕಾರ್ಯದ ನಿಮಿತ್ತ. ಆದರೆ ಅಧಿಕಾರದ ಚಿಹ್ನೆಯು ಆ ಕಾರ್ಯವು ಮುಗಿದ ಮೇಲೂ ಅವನ ಬಳಿಯಲ್ಲಿಯೇ ಉಳಿಯುತ್ತದೆ. ಪೊಲೀಸನ ಪಾಳಿ ಸಂಜೆಗೆ ಮುಗಿಯಬಹುದು; ಅವನ ಜೇಬಿನಲ್ಲಿರುವ ಗುರುತಿನ ಚೀಟಿಗಾಗಲಿ, ಎದೆಯ ಮೇಲಿನ ಬಿಲ್ಲೆಗಾಗಲಿ, ಸ್ವಂತ ವಾಹನದ ಗಾಜಿಗೆ ಅಂಟಿಸಿದ ಇಲಾಖೆಯ ಹೆಸರಿಗಾಗಲಿ ಪಾಳಿಯೆಂಬುದಿಲ್ಲ. ನೆರೆಮನೆಯವರೊಡನೆ ಗೋಡೆಯ ವ್ಯಾಜ್ಯ, ಬಾಡಿಗೆದಾರನೊಡನೆ ಮನಸ್ತಾಪ, ರಸ್ತೆಯಲ್ಲಿ ವಾಹನ ತಾಗಿದ ಜಗಳ — ಇಂತಹ ಸಂದರ್ಭಗಳಲ್ಲಿ ಆ ಚಿಹ್ನೆಯು ಹೊರಬಂದೊಡನೆ ಎದುರಿನವನು ಮಾತನ್ನು ನಿಲ್ಲಿಸುತ್ತಾನೆ. ಅವನು ಮೌನಿಯಾದದ್ದು ಆ ವ್ಯಕ್ತಿಯ ಮುಂದೆಯೋ, ರಾಜ್ಯಶಕ್ತಿಯ ಮುಂದೆಯೋ? ವ್ಯಕ್ತಿಯ ಮುಂದೆ ಅಲ್ಲವೆಂದಾದರೆ, ಆ ಶಕ್ತಿಯನ್ನು ತನ್ನ ಖಾಸಗಿ ಕೆಲಸಕ್ಕೆ ಬಳಸಿಕೊಂಡವನು ತನ್ನದಲ್ಲದುದನ್ನು ಬಳಸಿಕೊಂಡಂತಾಯಿತು.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ನ್ಯಾಯತೀರ್ಮಾನಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1964ರ ಜೂನ್ 22ರಂದು ನೀಡಿದ 'ಗ್ರಿಫಿನ್ ವಿರುದ್ಧ ಮೇರಿಲ್ಯಾಂಡ್' ತೀರ್ಪು ಗಮನಾರ್ಹವಾದುದು. ಅದರ ಗುಣವೇನು, ಅದು ಎಲ್ಲಿ ನಿಂತುಹೋಯಿತು ಎಂಬುದು ಪರಿಶೀಲನೆಗೆ ಯೋಗ್ಯವಾಗಿದೆ.

ರಾಜಧಾನಿ ವಾಷಿಂಗ್ಟನ್ನಿಗೆ ಸಮೀಪದಲ್ಲಿ, ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮರಿ ಕೌಂಟಿಯಲ್ಲಿ ಗ್ಲೆನ್ ಎಕೋ ಎಂಬ ಖಾಸಗಿ ವಿನೋದೋದ್ಯಾನವಿತ್ತು. ಅದರ ಒಡೆಯರು ಕಪ್ಪು ಜನಾಂಗದವರನ್ನು ಆಟಗಳಿಗೆ ಸೇರಿಸುತ್ತಿರಲಿಲ್ಲ. 1960ರ ಜೂನ್ 30ರಂದು ಕಪ್ಪು ಜನಾಂಗದ ಐವರು ತರುಣ ತರುಣಿಯರು ಒಳಗೆ ಹೋಗಿ, ಇತರರು ಕೊಂಡುಕೊಟ್ಟ ಟಿಕೆಟುಗಳನ್ನು ಹಿಡಿದು, ತಿರುಗುವ ಮರದ ಕುದುರೆಗಳ ಮೇಲೆ ಕುಳಿತರು. ಕಾವಲುಗಾರನೊಬ್ಬನು ಬಂದು, ಕಪ್ಪು ಜನರಿಗೆ ಇಲ್ಲಿ ಅವಕಾಶವಿಲ್ಲವೆಂದು ತಿಳಿಸಿ, ಹೊರಟುಹೋಗಲು ಐದು ನಿಮಿಷಗಳ ಅವಧಿಯನ್ನು ಕೊಟ್ಟನು. ಅವರು ಏಳಲಿಲ್ಲ. ಅವನು ಅವರನ್ನು ಬಂಧಿಸಿದನು. ಅತಿಕ್ರಮ ಪ್ರವೇಶದ ಅಪರಾಧಕ್ಕಾಗಿ ಅವರಿಗೆ ತಲಾ 100 ಡಾಲರ್ ದಂಡ ಬಿದ್ದಿತು. ರಾಜ್ಯದ ಮೇಲ್ಮನವಿ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು.

ಆ ಕಾವಲುಗಾರನು ಯಾರೆಂಬುದೇ ಪ್ರಕರಣದ ಮರ್ಮ. ಅವನು ಒಂದು ಖಾಸಗಿ ಪತ್ತೇದಾರಿ ಸಂಸ್ಥೆಯ ನೌಕರ. ಉದ್ಯಾನದ ವ್ಯವಸ್ಥಾಪಕರ ಅಂಕೆಯಲ್ಲಿ ದುಡಿಯುವವನು. ಆದರೆ ಉದ್ಯಾನದವರ ಕೋರಿಕೆಯ ಮೇರೆಗೆ ಕೌಂಟಿಯು ಅವನನ್ನು ವಿಶೇಷ ಉಪ ಷೆರೀಫನನ್ನಾಗಿ ನೇಮಿಸಿತ್ತು. ಮೈಮೇಲೆ ಖಾಸಗಿ ಸಂಸ್ಥೆಯ ಸಮವಸ್ತ್ರ, ಎದೆಯ ಮೇಲೆ ಷೆರೀಫನ ಬಿಲ್ಲೆ. ಬಟ್ಟೆ ಧಣಿಗಳದು, ಬಿಲ್ಲೆ ರಾಜ್ಯದ್ದು. ಈ ಎರಡರಲ್ಲಿ ಯಾವುದು ಆ ತರುಣರನ್ನು ಬಂಧಿಸಿತು?

ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಅವರು ಬಹುಮತದ ಪರವಾಗಿ ಕೊಟ್ಟ ಉತ್ತರದ ಸಾರವಿಷ್ಟು: ರಾಜ್ಯದ ಅಧಿಕಾರವನ್ನು ಪಡೆದವನು ಆ ಅಧಿಕಾರದಿಂದಲೇ ನಡೆಯುತ್ತಿರುವುದಾಗಿ ತೋರಿಸಿಕೊಂಡರೆ, ಅವನ ಕೃತ್ಯವು ರಾಜ್ಯದ ಕೃತ್ಯವೇ ಸರಿ. ಬರಿಯ ಖಾಸಗಿ ಮನುಷ್ಯನಾಗಿಯೂ ಅವನು ಅದನ್ನೇ ಮಾಡಬಹುದಾಗಿತ್ತೆಂಬ ವಾದಕ್ಕೆ ಬೆಲೆಯಿಲ್ಲ. ರಾಜ್ಯವು ಜನಾಂಗಭೇದವನ್ನು ಮಾಡಕೂಡದಾದ್ದರಿಂದ ಶಿಕ್ಷೆಯು ರದ್ದಾಯಿತು.

ಈ ತರ್ಕದ ಬಲವಿರುವುದು ಅದು ಆರಿಸಿಕೊಂಡ ದೃಷ್ಟಿಕೋನದಲ್ಲಿ. ಸಂಬಳವನ್ನು ಕೊಡುವವರು ಯಾರು, ಅವನ ಮನಸ್ಸಿನಲ್ಲಿ ಏನಿತ್ತು, ಅದು ಕರ್ತವ್ಯದ ವೇಳೆಯೇ ಅಲ್ಲವೇ ಎಂಬ ಪ್ರಶ್ನೆಗಳೆಲ್ಲವೂ ಬಿಲ್ಲೆಯನ್ನು ಧರಿಸಿದವನ ಕಡೆಯಿಂದ ಹುಟ್ಟುವಂಥವು. ಬಿಲ್ಲೆಯ ಎದುರಿಗೆ ನಿಂತವನಿಗೆ ಇವೊಂದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಬಿಲ್ಲೆ ಮಾತ್ರ. ವಿಧೇಯನಾಗಬೇಕೋ ಪ್ರತಿಭಟಿಸಬೇಕೋ ಎಂಬುದನ್ನು ಅವನು ನಿರ್ಧರಿಸುವುದು ಅದನ್ನು ನೋಡಿಯೇ. ಭಯವನ್ನು ಹುಟ್ಟಿಸುವಾಗ ರಾಜ್ಯದವನಾಗಿದ್ದು, ಉತ್ತರವನ್ನು ಕೊಡುವಾಗ ಖಾಸಗಿಯವನಾಗುವ ಅನುಕೂಲವನ್ನು ತೀರ್ಪು ಕಿತ್ತುಹಾಕಿತು. ನೀತಿದೃಷ್ಟಿಯಿಂದ ಇದು ಸಾಮಾನ್ಯವಾದ ಸಾಧನೆಯಲ್ಲ.

ಆದರೂ ಮೂವರು ನ್ಯಾಯಮೂರ್ತಿಗಳು ಇದಕ್ಕೆ ಸಮ್ಮತಿಸಲಿಲ್ಲ. ಠಾಣೆಯಿಂದ ಕರೆಸಿದ ಸಾಮಾನ್ಯ ಪೊಲೀಸನು ಇದೇ ಬಂಧನವನ್ನು ಮಾಡಿದ್ದರೂ ರಾಜ್ಯದ ಪಾತ್ರವು ಇಷ್ಟೇ ಆಗುತ್ತಿತ್ತಲ್ಲವೇ ಎಂಬುದು ನ್ಯಾಯಮೂರ್ತಿ ಹಾರ್ಲನ್ ಅವರ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಈ ವಾದವು ಒಂದು ವ್ಯತ್ಯಾಸವನ್ನು ಮರೆಯುತ್ತದೆ. ಠಾಣೆಯಿಂದ ಬಂದವನು ಮೊದಲು ದೂರನ್ನು ಕೇಳಬೇಕು. ಎರಡೂ ಕಡೆಯವರನ್ನು ನೋಡಬೇಕು. ದೂರುವವನಿಗೂ ಬಂಧಿಸುವವನಿಗೂ ನಡುವೆ ಒಂದು ಅಂತರವಿರುತ್ತದೆ. ಆ ಅಂತರದಲ್ಲಿಯೇ ವಿವೇಕಕ್ಕೆ ಎಡೆ. ಗ್ಲೆನ್ ಎಕೋದಲ್ಲಿ ದೂರುವವನೂ ಬಂಧಿಸುವವನೂ ಒಬ್ಬನೇ ಆಗಿದ್ದನು. ಖಾಸಗಿ ಹಿತಕ್ಕೂ ರಾಜ್ಯಶಕ್ತಿಗೂ ನಡುವಿನ ಅಂತರವು ಅಳಿದುಹೋದದ್ದೇ ಅಲ್ಲಿನ ದೋಷ. ತೀರ್ಪು ಬಿಲ್ಲೆಯನ್ನು ಸರಿಯಾಗಿ ಗುರುತಿಸಿತು. ಈ ದೋಷವನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಅದರ ಮೊದಲನೆಯ ಕೊರತೆಯಿದು.

ಎರಡನೆಯ ಕೊರತೆ ಇನ್ನೂ ದೊಡ್ಡದು. ತೀರ್ಪು 'ತೋರಿಸಿಕೊಳ್ಳುವ' ಅಧಿಕಾರವನ್ನು ಕುರಿತದ್ದು. ಬಿಲ್ಲೆಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು, ತಾನು ಯಾರೆಂಬುದು ಊರಿಗೆಲ್ಲ ತಿಳಿದಿದೆಯೆಂಬ ಧೈರ್ಯದಿಂದ ನಡೆಯುವವನನ್ನು ಈ ಸೂತ್ರವು ಸುಲಭವಾಗಿ ಹಿಡಿಯಲಾರದು. ದೊಡ್ಡ ನಗರದಲ್ಲಿ ಅಧಿಕಾರಿಗೆ ಚಿಹ್ನೆ ಬೇಕಾಗುತ್ತದೆ. ಸಣ್ಣ ಊರಿನಲ್ಲಿ ಅವನ ಮುಖವೇ ಚಿಹ್ನೆ. ಲುಂಗಿಯುಟ್ಟು ಬಂದ ಇನ್ಸ್‌ಪೆಕ್ಟರನಿಗೂ ಸಾಲಿನಲ್ಲಿ ಮುಂದಿನ ಸ್ಥಾನವು ತಾನಾಗಿಯೇ ತೆರವಾಗುತ್ತದೆ. ಅವನು ಕೇಳಲಿಲ್ಲ, ಜನರೇ ಬಿಟ್ಟುಕೊಟ್ಟರು ಎಂಬುದು ಸತ್ಯ. ಬೇಡವೆನ್ನುವ ಅವಕಾಶ ಅವನಿಗಿತ್ತು ಎಂಬುದೂ ಅಷ್ಟೇ ಸತ್ಯ.

ಚಿಹ್ನೆಯ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಗ್ಲೆನ್ ಎಕೋದಲ್ಲಿ ಖಾಸಗಿ ಕೆಲಸಕ್ಕೆ ರಾಜ್ಯದ ಬಿಲ್ಲೆ ಅಂಟಿಕೊಂಡಿತ್ತು. ಅದಕ್ಕೂ ಹಿಂದಿನ ಒಂದು ಪ್ರಕರಣದಲ್ಲಿ ರಾಜ್ಯದ ಕೆಲಸದೊಳಗೆ ಖಾಸಗಿ ದ್ವೇಷವು ಹೊಕ್ಕಿತ್ತು. 1943ರಲ್ಲಿ ಜಾರ್ಜಿಯಾ ರಾಜ್ಯದ ಬೇಕರ್ ಕೌಂಟಿಯ ಷೆರೀಫನು, ತನಗೆ ಹಗೆಯಿದ್ದ ರಾಬರ್ಟ್ ಹಾಲ್ ಎಂಬ ಕಪ್ಪು ಮನುಷ್ಯನನ್ನು ಟೈರು ಕದ್ದ ಆರೋಪದ ವಾರಂಟಿನ ಮೇಲೆ ರಾತ್ರಿ ಹಿಡಿದು ತಂದು, ಸಹಾಯಕರೊಡನೆ ಹೊಡೆದು ಕೊಂದನು. 1945ರ 'ಸ್ಕ್ರೂಸ್' ತೀರ್ಪಿನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು, ಅಧಿಕಾರದ ಸೋಗಿನಲ್ಲಿ ನಡೆದುದೂ ಕಾನೂನಿನ ಹಿಡಿತಕ್ಕೆ ಒಳಪಡುತ್ತದೆ. ಅಧಿಕಾರಿಯ ಕೇವಲ ವೈಯಕ್ತಿಕ ವ್ಯವಹಾರಗಳು ಮಾತ್ರ ಹೊರಗುಳಿಯುತ್ತವೆ ಎಂದು ಗೆರೆಯೆಳೆಯಿತು. ಆದರೆ ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿ ಲೋಪವಿತ್ತೆಂದು ಶಿಕ್ಷೆಯು ರದ್ದಾಗಿ, ಮರುವಿಚಾರಣೆಯಲ್ಲಿ ಷೆರೀಫನು ಬಿಡುಗಡೆ ಹೊಂದಿದನು. ತತ್ತ್ವವು ಉಳಿಯಿತು, ನ್ಯಾಯವು ದೊರೆಯಲಿಲ್ಲ.

ಈ ಸೋಗನ್ನು ಆಂಗ್ಲ ಕಾನೂನು 'ಕಲರ್' ಎಂಬ ಪದದಿಂದ ಹೇಳುತ್ತದೆ. ಬಣ್ಣ, ಅರ್ಥಾತ್ ಮೇಲ್ತೋರಿಕೆ. ಅದೇ ಪದವು 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 170ನೆಯ ಕಲಮಿನಲ್ಲಿಯೂ ಇದೆ. ಆದರೆ ಕೆಲಸವು ತಿರುಗುಮುರುಗಾಗಿದೆ. ಅಲ್ಲಿ ಕರ್ತವ್ಯದ ಬಣ್ಣವು ಅಧಿಕಾರಿಯನ್ನು ಹೊಣೆಗೆ ಒಳಪಡಿಸುತ್ತದೆ. ಇಲ್ಲಿ ಕರ್ತವ್ಯದ ಬಣ್ಣದಲ್ಲಿ ನಡೆದ ಕೃತ್ಯಕ್ಕೆ ಸರಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ನಡೆಯಲಾರದು. 2020ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಅಧಿಕಾರವನ್ನು ಮೀರಿ ನಡೆದಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ಯುಕ್ತವಾದ ಸಂಬಂಧವಿದ್ದರೆ ಈ ರಕ್ಷಣೆಯು ಸಲ್ಲುತ್ತದೆಂದು ಹೇಳಿತು. ಆದರೆ ಮನೆಗೆಲಸದವರನ್ನು ಹೊಡೆದ, ಇಲ್ಲವೆ ಮನೆಯವರ ಮೇಲೆ ಹಿಂಸೆ ಎಸಗಿದ ಪೊಲೀಸನಿಗೆ ಅದು ಸಲ್ಲದೆಂಬ ಉದಾಹರಣೆಯನ್ನೂ ಕೊಟ್ಟಿತು. ಪ್ರಾಮಾಣಿಕ ಅಧಿಕಾರಿಯನ್ನು ಸುಳ್ಳು ಮೊಕದ್ದಮೆಗಳಿಂದ ಕಾಪಾಡಬೇಕೆಂಬುದು ನ್ಯಾಯವೇ. ಆದರೆ ಬಣ್ಣವು ಗುರಾಣಿಯಾದೊಡನೆ, ಯಾವ ಜಗಳಕ್ಕಾದರೂ ಒಂದಿಷ್ಟು ಬಣ್ಣವನ್ನು ಬಳಿಯುವ ಆಸೆಯೂ ಹುಟ್ಟುತ್ತದೆಂಬುದನ್ನು ಮರೆಯಲಾಗದು.

ಕಾನೂನು ಕೈಹಾಕದ ಇನ್ನೊಂದು ಅಂಶ ಉಳಿದಿದೆ. ಗ್ಲೆನ್ ಎಕೋದ ಕಾವಲುಗಾರನು ಬಿಲ್ಲೆಯನ್ನು ತಾನಾಗಿ ಬೇಡಿದವನಲ್ಲ. ಬೇಡಿದವರು ಉದ್ಯಾನದ ವ್ಯವಸ್ಥಾಪಕರು, ಕೊಟ್ಟದ್ದು ಕೌಂಟಿ, ಧರಿಸಿದವನು ಸಂಬಳದ ಆಳು. ಕೃತ, ಕಾರಿತ, ಅನುಮೋದಿತ ಎಂದು ದೋಷವನ್ನು ಮೂರಾಗಿ ಎಣಿಸುವ ಪರಿಪಾಠವನ್ನು ಬಲ್ಲ ಓದುಗರಿಗೆ ಈ ಹಂಚಿಕೆಯನ್ನು ವಿವರಿಸಬೇಕಾಗಿಲ್ಲ. ನ್ಯಾಯಾಲಯವು ಕೃತವನ್ನು ಅಳೆಯಿತು. ಮಾಡಿಸಿದವರೂ ಒಪ್ಪಿಗೆ ಕೊಟ್ಟವರೂ ತೀರ್ಪಿನ ಕಥನಭಾಗದಲ್ಲಿ ಬಂದುಹೋಗುತ್ತಾರೆಯೇ ಹೊರತು ಹೊಣೆಯ ಭಾಗದಲ್ಲಿ ನಿಲ್ಲುವುದಿಲ್ಲ.

ಸಂಸ್ಥೆಗಳನ್ನು ನಡೆಸುವವರಿಗೆ ಈ ಪ್ರಕರಣವು ಮುಟ್ಟುವುದು ಈ ಸ್ಥಳದಲ್ಲಿಯೇ. ಉತ್ಸವದ ಜನಸಂದಣಿಗೆ ಠಾಣೆಗೆ ಅರ್ಜಿ ಕೊಟ್ಟು ಬಂದೋಬಸ್ತು ಪಡೆಯುವುದು ಒಂದು ಕ್ರಮ. ಪರಿಚಯದ ಪೇದೆಯೊಬ್ಬನನ್ನು ರಜೆಯ ದಿನ ಸಮವಸ್ತ್ರದಲ್ಲಿಯೇ ಬರಹೇಳಿ, ಬಾಡಿಗೆ ಕೊಡದ ಅಂಗಡಿಯವನ ಮುಂದೆ ನಿಲ್ಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ರಾಜ್ಯವು ತನ್ನ ಕೆಲಸವನ್ನು ತಾನು ಮಾಡುತ್ತದೆ. ಎರಡನೆಯದರಲ್ಲಿ ಸಂಸ್ಥೆಯು ರಾಜ್ಯದ ಭಯವನ್ನು ಎರವಲು ತರುತ್ತದೆ. ಪೇದೆಯು ಒಂದೂ ಮಾತನಾಡದಿದ್ದರೂ ಕೆಲಸವಾಗುತ್ತದೆ. ಕೆಲಸವಾಗಲೆಂದೇ ಅವನನ್ನು ಕರೆದದ್ದು. ಬಾಡಿಗೆ ನ್ಯಾಯವಾಗಿಯೇ ಬರಬೇಕಾದದ್ದಿರಬಹುದು. ಆದರೆ ಬಂದ ದಾರಿಯು ನ್ಯಾಯವಾದದ್ದಲ್ಲ.

ಗ್ಲೆನ್ ಎಕೋ ಉದ್ಯಾನವು 1961ರಲ್ಲಿಯೇ, ತೀರ್ಪಿಗೆ ಮೂರು ವರ್ಷ ಮೊದಲು, ಎಲ್ಲ ಜನಾಂಗದವರಿಗೂ ಬಾಗಿಲನ್ನು ತೆರೆಯಿತು. ಬಿಸಿಲಿನಲ್ಲಿ ನಿಂತು ಪ್ರತಿಭಟಿಸಿದ ವಿದ್ಯಾರ್ಥಿಗಳೂ ಅವರೊಡನೆ ನಿಂತ ನೆರೆಹೊರೆಯ ನಿವಾಸಿಗಳೂ ಅದನ್ನು ತೆರೆಯಿಸಿದರು. ತೀರ್ಪಾದ ಹತ್ತೇ ದಿನಗಳಲ್ಲಿ, 1964ರ ಜುಲೈ 2ರಂದು, ನಾಗರಿಕ ಹಕ್ಕುಗಳ ಕಾಯಿದೆಯು ಜಾರಿಗೆ ಬಂದಿತು. ಜನಾಂಗಭೇದದ ಪ್ರಶ್ನೆಗೆ ಹೀಗೆ ಶಾಸನವು ಒಂದು ಉತ್ತರವನ್ನು ಕೊಟ್ಟಿತು. ಬಿಲ್ಲೆಯ ಪ್ರಶ್ನೆಗೆ ಅಂತಹ ಒಂದೇ ಶಾಸನವು ಸಾಲದು. ಪಾಳಿ ಮುಗಿಸಿ ಮನೆಗೆ ಹೊರಟ ಪ್ರತಿಯೊಬ್ಬನೂ, ಅವನ ನೆರವನ್ನು ಬೇಡಲು ಹೊರಟ ಪ್ರತಿಯೊಂದು ಸಂಸ್ಥೆಯೂ ಅದನ್ನು ದಿನದಿನವೂ ಕೇಳಿಕೊಳ್ಳಬೇಕಾಗಿದೆ: ಈ ಹೊತ್ತಿನಲ್ಲಿ, ಈ ಕೆಲಸಕ್ಕೆ, ಇದನ್ನು ಕೊಟ್ಟವರ ಒಪ್ಪಿಗೆ ಇದೆಯೇ?